ಎನ್‌ಐಸಿಯು ಮಾಡೆಲ್: ಟೆಸ್ಟ್‌ನಲ್ಲಿ 0.96, ವಾರ್ಡಿನಲ್ಲಿ ಎಡವಟ್ಟು. ಎಲ್ಲಿ ತಪ್ಪಿದೆ?

ಹುಬ್ಬಳ್ಳಿ_ಪೈಥಾನ್:

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ದಾರಿ ತೋರಿಸಿ.

ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದ ಮಗು ಉಳಿಯುತ್ತಾ ಇಲ್ವಾ ಅಂತ ಅಂದಾಜು ಮಾಡುವ ಮಾಡೆಲ್ ಕಟ್ಟಿದ್ದೇನೆ. ಎಕ್ಸ್‌ಜಿಬೂಸ್ಟ್ ಅನ್ನೋ ಮೆಷಿನ್ ಲರ್ನಿಂಗ್ ವಿಧಾನ. ಮೊದಲು ಮಿಮಿಕ್-3 ಡೇಟಾ ಬಳಸಿದೆ. ಅದರಲ್ಲಿ ಬೋಸ್ಟನ್ನಿನ ಆಸ್ಪತ್ರೆಯೊಂದರ 7,870 ನವಜಾತ ಶಿಶುಗಳ ದಾಖಲೆ ಇದೆ, 2001ರಿಂದ 2008ರವರೆಗಿನದು. ಆಮೇಲೆ ನಮ್ಮ ಕಡೆಯ ಒಂದು ಆಸ್ಪತ್ರೆಯ ಹಳೆ ದಾಖಲೆ ಸೇರಿಸಿ ಮತ್ತೆ ಟ್ರೇನ್ ಮಾಡಿದೆ. ಎಯುಸಿ (ಉಳಿಯುವವರನ್ನೂ ಹೋಗುವವರನ್ನೂ ಮಾಡೆಲ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತೆ ಅನ್ನೋ ಅಳತೆ, 1 ಅಂದರೆ ಪರಿಪೂರ್ಣ) 0.96 ಬಂತು. ಲ್ಯಾಬ್‌ನಲ್ಲಿ ಪೇಡ ಹಂಚಿದ್ದೂ ಆಯ್ತು.

ಎರಡು ತಿಂಗಳ ಹಿಂದೆ ವಾರ್ಡಿನಲ್ಲಿ ಸುಮ್ನೆ ಹಿಂದುಗಡೆ ಓಡಿಸಿ ನೋಡಿದೆವು, ಯಾರಿಗೂ ಅಂಕಿ ತೋರಿಸದೆ. 26 ವಾರಕ್ಕೇ ಹುಟ್ಟಿದ ಒಂದು ಮಗುವಿಗೆ ಸಾವಿನ ಸಾಧ್ಯತೆ 81% ಅಂದಿತು. ಆ ಮಗು ಈಗ ಒಳಲೆಯಲ್ಲಿ ಹಾಲು ಕುಡಿಯುತ್ತಿದೆ. ಇನ್ನು ಕೆಲವು ಮಕ್ಕಳಿಗೆ ಅಂಕಿ ದಿಢೀರ್ ಏರಿತು, ಆದರೆ ಡಾಕ್ಟರ್ ಮನೆಯವರ ಜೊತೆ ಮಾತಾಡಿ ಮುಗಿಸಿದ ಮೇಲೆ!

ಚಿಕಿತ್ಸೆ ಮುಂದುವರಿಸಬೇಕಾ, ನಿಲ್ಲಿಸಬೇಕಾ ಅಂತ ತಂದೆತಾಯಿ ಜೊತೆ ಕೂತು ಮಾತಾಡುವಾಗ ಡಾಕ್ಟರ್ ಕೈಯಲ್ಲಿ ಒಂದು ಅಂಕಿ ಇರಲಿ ಅನ್ನೋದು ನಮ್ಮ ಉದ್ದೇಶ. ಪ್ಯಾರಾಮೀಟರ್ ತಿರುವಿದೆ, ಸ್ಮೋಟ್ (ಕಡಿಮೆ ಇರುವ ಗುಂಪಿಗೆ ಕೃತಕ ಸಾಲು ಸೇರಿಸುವ ವಿಧಾನ) ಹಾಕಿದೆ, ಕಟ್-ಆಫ್ ಬದಲಿಸಿದೆ. ಏನೂ ಆಗಲಿಲ್ಲ. ಬೇಕಾದರೆ ಮಿಮಿಕ್‌ನ ಕೆಲವು ಸಾಲು ಇಲ್ಲಿ ಹಾಕುತ್ತೇನೆ.

ಅಂಕಿಗಾರ:

ಸಾಲು ಹಾಕಬೇಡಿ ಮಾರಾಯ್ರೇ. ಆ ಡೇಟಾ ತೆಗೆದುಕೊಳ್ಳುವಾಗ ಬೇರೆಯವರಿಗೆ ಕೊಡಲ್ಲ ಅಂತ ಒಪ್ಪಂದಕ್ಕೆ ಸಹಿ ಹಾಕಿದ್ದೀರಿ.

ಮೂರು ವಿಷಯ ಹೇಳಿ. ಶ್ಯಾಪ್‌ನಲ್ಲಿ (ಯಾವ ಅಂಶ ಅಂಕಿಯನ್ನು ಎಷ್ಟು ಬದಲಿಸಿತು ಅಂತ ತೋರಿಸುವ ಲೆಕ್ಕ) ಮೇಲೆ ಬರುವ ಅಂಶಗಳು ಯಾವುವು? ಯಾವ ಗಂಟೆಗಳ ಡೇಟಾ ಕೊಟ್ಟಿದ್ದೀರಿ? ನಿಮ್ಮ ಆಸ್ಪತ್ರೆಯ ಡೇಟಾದಲ್ಲಿ 'ಸಾವು' ಅನ್ನೋ ಕಾಲಂ ತುಂಬಿದ್ದು ಹೇಗೆ? ಮಾಡೆಲ್ ಸರಿ ಇರಬಹುದು, ಲೇಬಲ್ ಮೇಲೆ ನನಗೆ ಅನುಮಾನ.

ಹುಬ್ಬಳ್ಳಿ_ಪೈಥಾನ್:

ಮೊದಲನೇದು ಮಾರ್ಫಿನ್. ಎರಡನೇದು, ಕೊನೆಯ ಬ್ಲಡ್ ಗ್ಯಾಸ್ (ರಕ್ತದ ಆಮ್ಲಜನಕ, ಆಮ್ಲೀಯತೆ ನೋಡುವ ಪರೀಕ್ಷೆ) ಮಾಡಿ ಎಷ್ಟು ಗಂಟೆ ಆಯ್ತು ಅನ್ನೋದು. ಮೂರನೇದು ಆಕ್ಸಿಜನ್ ಪ್ರಮಾಣ. ಡಿಸ್ಚಾರ್ಜ್ ಅಥವಾ ಸಾವಿಗೆ ಮುಂಚಿನ 24 ಗಂಟೆಯ ಡೇಟಾ ಕೊಟ್ಟಿದ್ದೇನೆ. ಲೇಬಲ್: 'ಡಿಸ್ಚಾರ್ಜ್' ಅಂತ ಇದ್ದರೆ 0, ಉಳಿದಿದ್ದೆಲ್ಲ 1.

ಅಂಕಿಗಾರ:

ಸಿಕ್ಕಿತು. ಒಂದಲ್ಲ, ಮೂರು ಕಡೆ ತೂತು.

ಕೊನೆಯ 24 ಗಂಟೆ ಅಂದರೆ ಪರೀಕ್ಷೆಯ ದಿನ ಉತ್ತರಪತ್ರಿಕೆ ಪಕ್ಕದಲ್ಲೇ ಇಟ್ಟ ಹಾಗೆ. ಆರೈಕೆ ಮಾತ್ರ ಸಾಕು ಅಂತ ತೀರ್ಮಾನ ಆದ ಮೇಲೆ ನೋವು ಕಾಣದಿರಲಿ ಅಂತ ಮಾರ್ಫಿನ್ ಶುರುವಾಗುತ್ತದೆ. ಪುಟ್ಟ ಹಿಮ್ಮಡಿಗೆ ಚುಚ್ಚುವುದು ನಿಲ್ಲುತ್ತದೆ, ಬ್ಲಡ್ ಗ್ಯಾಸ್ ಬರುವುದಿಲ್ಲ. ನಿಮ್ಮ ಮಾಡೆಲ್ ಕಲಿತದ್ದು ಇದನ್ನೇ. ಡಾಕ್ಟರ್ ಮತ್ತು ಮನೆಯವರು ಏನು ತೀರ್ಮಾನ ಮಾಡಿದರು ಅಂತ ಅದು ಪತ್ತೆ ಹಚ್ಚುತ್ತಿದೆ. ಮಾತುಕತೆ ಮುಗಿದ ಮೇಲೆ ಅಂಕಿ ಏರಿದ್ದು ಅದಕ್ಕೇ.

ಇದಕ್ಕೆ ಮದ್ದು ಸುಲಭ. ಮಗು ಎಷ್ಟು ಕಷ್ಟದಲ್ಲಿದೆ ಅಂತ ಅಳೆಯುವ ಸ್ನ್ಯಾಪ್-ಪಿಇ-2 ಸ್ಕೋರ್ ಮಾಡುವ ಹಾಗೆ ಸೇರಿದ ಮೊದಲ 12 ಗಂಟೆಯ ಡೇಟಾ ಮಾತ್ರ ಕೊಡಿ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಸ್ಕೋರ್ ಕ್ರಿಬ್-2 ಕೂಡ ಲೆಕ್ಕ ಹಾಕಿ. ಅದಕ್ಕೆ ಬೇಕಿರುವುದು ಗಂಡೋ ಹೆಣ್ಣೋ, ಎಷ್ಟು ವಾರ, ತೂಕ, ಸೇರುವಾಗಿನ ಮೈ ಬಿಸಿ, ಬೇಸ್ ಎಕ್ಸೆಸ್ (ರಕ್ತದ ಆಮ್ಲ-ಕ್ಷಾರದ ಅಳತೆ), ಇಷ್ಟೇ. ಕಾಗದದ ಮೇಲೆ ಮಾಡುವ ಆ ಲೆಕ್ಕವನ್ನೂ ಮೀರದಿದ್ದರೆ ಎಕ್ಸ್‌ಜಿಬೂಸ್ಟ್ ಯಾಕೆ ಬೇಕು?

ಎರಡನೇ ತೂತು 'ಉಳಿದಿದ್ದೆಲ್ಲ 1'. ಅದರಲ್ಲಿ ಲಾಮಾ ಕೇಸುಗಳೂ ಬಂದವು, ಅಲ್ವಾ? ದುಡ್ಡು ಮುಗಿದು, ಸಹಿ ಮಾಡಿ ಮಗುವನ್ನು ಕರೆದುಕೊಂಡು ಹೋದವರು. ಆ ಮಗು ಹೋಯಿತು ಅಂತ ನಿಮಗೆ ಯಾರು ಹೇಳಿದರು?

ಮೂರನೇದು ಎಲ್ಲಕ್ಕಿಂತ ಕಷ್ಟದ್ದು. ಮಗು ಚಿಕಿತ್ಸೆ ಕೊಟ್ಟೂ ಹೋಯಿತಾ, ಚಿಕಿತ್ಸೆ ನಿಲ್ಲಿಸಿದ್ದಕ್ಕೆ ಹೋಯಿತಾ? ನಿಮ್ಮ ಕಾಲಂನಲ್ಲಿ ಎರಡೂ 1. ಅಮೆರಿಕದ 24 ಆಸ್ಪತ್ರೆಗಳ ಲೆಕ್ಕ 2015ರಲ್ಲಿ ಬಂತು. 22 ವಾರಕ್ಕೆ ಹುಟ್ಟಿದವರನ್ನೆಲ್ಲ ಸೇರಿಸಿದರೆ ಬದುಕಿದವರು 5.1%. ಪೂರ್ತಿ ಚಿಕಿತ್ಸೆ ಸಿಕ್ಕವರನ್ನು ಮಾತ್ರ ತೆಗೆದುಕೊಂಡರೆ 23.1%. ಅದೇ ವಾರಕ್ಕೆ ಹುಟ್ಟಿದ ಮಕ್ಕಳು, ಯಾರನ್ನು ಎಣಿಸಿದಿರಿ ಅನ್ನೋದರ ಮೇಲೆ ಅಂಕಿ ನಾಲ್ಕೂವರೆ ಪಟ್ಟು ಬದಲು. ಮೊದಲನೇ ಅಂಕಿ ನೋಡಿದ ಮಾಡೆಲ್ 'ಉಳಿಯಲ್ಲ' ಅನ್ನುತ್ತದೆ, ಅದನ್ನು ನಂಬಿ ಚಿಕಿತ್ಸೆ ಬಿಟ್ಟರೆ ಮಗು ಉಳಿಯುವುದಿಲ್ಲ, ಮುಂದಿನ ವರ್ಷದ ಡೇಟಾದಲ್ಲಿ ಮಾಡೆಲ್ ಇನ್ನೂ ಸರಿ ಅಂತ ಕಾಣುತ್ತದೆ. ಇಲ್ಲಿ ತಪ್ಪು ಮಾಡಿದರೆ ತಪ್ಪಿನ ಗುರುತೇ ಉಳಿಯೋದಿಲ್ಲ.

ತೊಟ್ಟಿಲು_ಡ್ಯೂಟಿ:

ನಾನು ಎನ್‌ಐಸಿಯುನಲ್ಲೇ ಕೆಲಸ ಮಾಡುವವಳು. ಅಂಕಿಗಾರ ಸರ್ ಹೇಳಿದ್ದು ಸರಿ. ನನ್ನದೊಂದು ತಕರಾರು ಉದ್ದೇಶದ ಬಗ್ಗೆ.

81% ಅಂತ ಕಾಗದದಲ್ಲಿ ಬಂದರೆ ಅದನ್ನು ಹೇಳಬೇಕಾದವಳು ನಾನು. ಸಿಸೇರಿಯನ್ ಹೊಲಿಗೆ ಹಿಡಿದುಕೊಂಡು, ಗ್ಲಾಸಿನ ಆಚೆ ಸ್ಟೂಲಿನ ಮೇಲೆ ಕೂತ ತಾಯಿಗೆ. ಆಕೆ ಕೇಳುವುದು ಒಂದೇ: 'ಮೇಡಂ, ನಮ್ ಕೂಸು ಯಾ ಕಡಿಗೆ ಐತಿ?' ಅದಕ್ಕೆ ಮಾಡೆಲ್ ಹತ್ತಿರ ಉತ್ತರ ಇಲ್ಲ. ನನ್ನ ಹತ್ತಿರವೂ ಸಾಕಷ್ಟು ಸಲ ಇರುವುದಿಲ್ಲ, ಆದರೆ ನಾಳೆ ಬೆಳಿಗ್ಗೆ ನಾನು ಅಲ್ಲೇ ಇರುತ್ತೇನೆ. ಅಂಕಿ ಹೇಳಲೇಬೇಕಾದರೆ 'ಇಂಥ ಹತ್ತು ಮಕ್ಕಳು ಬಂದರೆ ಇಷ್ಟು ಜನ ಮನೆಗೆ ಹೋಗುತ್ತಾರೆ' ಅಂತ ಹೇಳುತ್ತೇನೆ. ಹತ್ತರಲ್ಲಿ ಮನೆಗೆ ಹೋದವರಿಂದಲೇ ಶುರು ಮಾಡುತ್ತೇನೆ.

ಚಿಕಿತ್ಸೆ ನಿಲ್ಲಿಸುವುದು ಕಾಯ್ದೆಯ ಮಾತೂ ಹೌದು. ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ಮಾಡಿಕೊಟ್ಟು 2023ರಲ್ಲಿ ಸರಳ ಮಾಡಿತು. ನಮ್ಮ ರಾಜ್ಯದ ಆದೇಶ 2025ರ ಜನವರಿಯಲ್ಲಿ ಬಂತು. ವೈದ್ಯರ ಎರಡು ಮಂಡಳಿಗಳು ನೋಡಬೇಕು, ಮನೆಯವರು ಒಪ್ಪಬೇಕು. ಮಂಡಳಿಯಲ್ಲಿ ಕೂರುವವರು ಡಾಕ್ಟರುಗಳು, 'ಸಾಫ್ಟ್‌ವೇರ್ ಹೇಳಿತು' ಅಂತ ಯಾರೂ ಬರೆಯುವ ಹಾಗಿಲ್ಲ.

ಅಂಕಿಗಾರ:

ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ಇಂಥ ಅಂಕಿ ಕೆಲಸಕ್ಕೆ ಬಂದ ಉದಾಹರಣೆಯೂ ಇದೆ, ದಿಕ್ಕು ಮಾತ್ರ ಬೇರೆ. ವರ್ಜೀನಿಯಾ ವಿಶ್ವವಿದ್ಯಾಲಯದವರ ಹೀರೋ ಮಾನಿಟರ್ ಎದೆಬಡಿತದ ಏರಿಳಿತ ನೋಡಿ ನಂಜು ಬರುವ ಸೂಚನೆ ಕೊಡುತ್ತದೆ. ಕಡಿಮೆ ತೂಕದ 3,003 ಮಕ್ಕಳಲ್ಲಿ ಅರ್ಧದಷ್ಟು ಜನರ ಅಂಕಿ ಡಾಕ್ಟರಿಗೆ ತೋರಿಸಿದರು, ಉಳಿದವರದ್ದು ಮುಚ್ಚಿಟ್ಟರು. 2011ರಲ್ಲಿ ಫಲಿತಾಂಶ ಬಂತು: ಮುಚ್ಚಿಟ್ಟ ಕಡೆ ಸಾವು 10.2%, ತೋರಿಸಿದ ಕಡೆ 8.1%. ಅಲ್ಲಿ ಅಂಕಿ ಸುಮ್ಮನೆ ಏರಿದರೆ ಹೆಚ್ಚಾಗಿ ಒಂದು ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕುವ ಪರೀಕ್ಷೆ) ಜಾಸ್ತಿ ಆಗುತ್ತದೆ. ನಿಮ್ಮ ಮಾಡೆಲ್‌ನ ಮೊದಲ ಕೆಲಸ 'ಈ ಮಗುವನ್ನು ಇನ್ನೊಮ್ಮೆ ನೋಡಿ' ಅನ್ನೋದಾಗಲಿ.

ಹುಬ್ಬಳ್ಳಿ_ಪೈಥಾನ್:

ಮೊದಲ 12 ಗಂಟೆಗೆ ಕತ್ತರಿಸಿ, ಲಾಮಾ ತೆಗೆದು ಓಡಿಸಿದೆ. ಎಯುಸಿ 0.81ಕ್ಕೆ ಇಳಿಯಿತು. ಕ್ರಿಬ್-2 0.79. ಗೈಡ್ ಮುಖ ಊದಿಸಿಕೊಂಡಿದ್ದಾರೆ. ಚಿಕಿತ್ಸೆ ನಿಲ್ಲಿಸಿದ ಕೇಸುಗಳನ್ನೂ ತೆಗೆದುಬಿಡಲಾ?

ಅಂಕಿಗಾರ:

ಬೇಡ. ಆ ಮಕ್ಕಳು ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿದ್ದವರು. ಅವರನ್ನು ತೆಗೆದರೆ ಮಾಡೆಲ್ ಈಗ ಆ ಕಡೆ ವಾಲುತ್ತದೆ, ಎಲ್ಲರೂ ಉಳಿಯುತ್ತಾರೆ ಅನ್ನುತ್ತದೆ. ಬೇರೆ ಲೇಬಲ್ ಕೊಡಿ, ಅದು ಸಾವಿಗೆ ಪೈಪೋಟಿ ಕೊಡುವ ಇನ್ನೊಂದು ಘಟನೆ ಅಂತ ಲೆಕ್ಕ ಹಾಕಿ. ಚಿಕಿತ್ಸೆ ನಿಲ್ಲಿಸಿದ ಆ ಮಕ್ಕಳು ಎಲ್ಲರೂ ಹೋಗುತ್ತಿದ್ದರು ಅಂತ ಒಮ್ಮೆ, ಎಲ್ಲರೂ ಉಳಿಯುತ್ತಿದ್ದರು ಅಂತ ಒಮ್ಮೆ ಓಡಿಸಿ. ಎರಡರ ನಡುವಿನ ಅಂತರ ಅಗಲವಾಗಿ ಬಂದರೆ ಅಗಲವಾಗೇ ಬರೆಯಿರಿ. ಕ್ಯಾಲಿಬ್ರೇಷನ್ ನಕ್ಷೆ ಹಾಕೋದು ಮರೀಬೇಡಿ. 80% ಅಂದ ಮಕ್ಕಳಲ್ಲಿ ನಿಜಕ್ಕೂ ಎಷ್ಟು ಹೋದರು ಅಂತ ಎಯುಸಿ ಹೇಳಲ್ಲ. ಬೋಸ್ಟನ್ನಿನಲ್ಲಿ ಕಲಿತದ್ದು ತಾಲೂಕಿನಿಂದ ಆಂಬುಲೆನ್ಸ್‌ನಲ್ಲಿ ಮೈ ತಣ್ಣಗಾಗಿ ಬರುವ ಮಗುವಿಗೆ ಹೊಂದಲೇಬೇಕು ಅಂತೇನಿಲ್ಲ.

ಹುಬ್ಬಳ್ಳಿ_ಪೈಥಾನ್:

ತೀರ್ಮಾನ ಆದ ಸಮಯ ಯಾವ ಕಾಲಂನಲ್ಲೂ ಇಲ್ಲ. ಎಲ್ಲಿ ಹುಡುಕಲಿ? ಲಾಮಾ ಮಕ್ಕಳ ಗತಿ ತಿಳಿಯೋದು ಹೇಗೆ?

ತೊಟ್ಟಿಲು_ಡ್ಯೂಟಿ:

ಕಂಪ್ಯೂಟರ್ ಬಿಡಿ, ಸಿಸ್ಟರ್ ಹತ್ತಿರ ಹೋಗಿ. ನರ್ಸ್ ನೋಟ್ಸ್‌ನಲ್ಲಿ 'ಕೌನ್ಸೆಲಿಂಗ್ ಮಾಡಲಾಯಿತು' ಅಂತ ಬರೆದು ಗಂಟೆ ಹಾಕಿರುತ್ತಾರೆ, ಪಕ್ಕದಲ್ಲಿ ತಂದೆಯ ಸಹಿ. ಲಾಮಾ ಮಕ್ಕಳ ವಿಷಯ ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಹುಟ್ಟಿದ 42 ದಿನದೊಳಗೆ ಅವರು ಮನೆಗೆ ಹೋಗಿ ನೋಡುತ್ತಾರೆ. ಎಥಿಕ್ಸ್ ಕಮಿಟಿಯ ಅನುಮತಿ ತೆಗೆದುಕೊಂಡೇ ಕೇಳಿ. ನೀವೇ ಮನೆಗಳಿಗೆ ಫೋನ್ ಮಾಡಬೇಡಿ.

ಹುಬ್ಬಳ್ಳಿ_ಪೈಥಾನ್:

ಮೂರು ವಾರ ಆಯ್ತು, ಅಪ್‌ಡೇಟ್ ಹಾಕುತ್ತಿದ್ದೇನೆ. ಅನುಮತಿ ಸಿಕ್ಕಿತು. ಆಶಾ ಕಾರ್ಯಕರ್ತೆಯರ ಕಡೆಯಿಂದ ಹೆಸರಿಲ್ಲದ ಪಟ್ಟಿ ಬಂತು. ನಾನು ಮೊದಲು 1 ಅಂತ ಹಾಕಿದ್ದ ಒಂದು ಸಾಲಿನ ಮುಂದೆ 'ಲಸಿಕೆ ಹಾಕಿದೆ, ತೂಕ 3 ಕಿಲೋ 100' ಅಂತ ಬರೆದಿದೆ. ಅದನ್ನು 0 ಮಾಡಿದೆ. ಉಳಿದ ಸಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ.