ರೋಯಿ ಬ್ಯಾರಕ್ಕಿನ ಬಾಡಿಗೆ ಮನೆಗಳು: ಊರ ನಡುವಿನ ಸರ್ಕಾರಿ ಕಟ್ಟಡ ಯಾರ ಪಾಲಿಗೆ?

ಲೆಕ್ಕಿಗ:
ಪ್ಯಾರಿಸ್ಸಿನ 12ನೇ ವಿಭಾಗದಲ್ಲಿರುವ ರೋಯಿ ಸೇನಾ ಬ್ಯಾರಕ್ಕನ್ನು ನಗರದ ಸಾರ್ವಜನಿಕ ವಸತಿ ಸಂಸ್ಥೆಯಾದ ಪಾರಿ ಅಬಿತಾ 2013ರಲ್ಲಿ ಕೊಂಡು, ಹೊಸ ಕಟ್ಟಡಗಳನ್ನೂ ಸೇರಿಸಿ, ಸುಮಾರು 600 ಬಾಡಿಗೆ ಮನೆಗಳನ್ನಾಗಿ ಪರಿವರ್ತಿಸಿತು. ಅವುಗಳಲ್ಲಿ ಅರ್ಧದಷ್ಟು ಸಾಮಾಜಿಕ ವಸತಿ, ಅಂದರೆ ವರಮಾನದ ಮಿತಿಯೊಳಗಿನವರಿಗೆ ಸರ್ಕಾರಿ ನೆರವಿನಿಂದ ಕಡಿಮೆ ಬಾಡಿಗೆಗೆ ಕೊಡುವ ಮನೆಗಳು. ಉಳಿದವು ಮಧ್ಯಮ ದರದ ಮತ್ತು ಮಾರುಕಟ್ಟೆ ದರದ ಬಾಡಿಗೆಯವು. ಇದನ್ನು ಮಾದರಿಯೆಂದು ಹೊಗಳುವವರೊಂದಿಗೆ ನನಗೆ ತಕರಾರಿದೆ. ಸಾಮಾಜಿಕ ವಸತಿಗಾಗಿ ಮಾರುವ ಸರ್ಕಾರಿ ಜಮೀನಿನ ಬೆಲೆಯಲ್ಲಿ ಶೇ. 100ರವರೆಗೂ ರಿಯಾಯಿತಿ ಕೊಡಲು 2013ರ ಜನವರಿಯ ಡ್ಯುಫ್ಲೋ ಕಾಯಿದೆ ಅವಕಾಶ ಮಾಡಿದೆ. ಅಂಥ ರಿಯಾಯಿತಿಯ ಬದಲು ನಡುಊರಿನ ಜಾಗವನ್ನು ಹರಾಜಿಗಿಟ್ಟು, ಬಂದ ಹಣದಲ್ಲಿ ಹೊರವಲಯದಲ್ಲಿ ಇನ್ನೂ ಹೆಚ್ಚು ಮನೆ ಕಟ್ಟುವುದು ಬಡವರಿಗೇ ಲಾಭವಲ್ಲವೇ?

ಪಡಸಾಲೆ:
ಲೆಕ್ಕಿಗರೇ, ಹೊರವಲಯದಲ್ಲಿ ದೊಡ್ಡ ದೊಡ್ಡ ವಸತಿ ಸಮುಚ್ಚಯಗಳನ್ನು ಎಬ್ಬಿಸಿ ಬಡವರನ್ನೆಲ್ಲ ಅಲ್ಲಿಗೆ ಸಾಗಹಾಕುವ ಪ್ರಯೋಗವನ್ನು ಫ್ರಾನ್ಸ್ 1950 ಮತ್ತು 60ರ ದಶಕಗಳಲ್ಲಿ ಮಾಡಿ ಮುಗಿಸಿದೆ. ಅದರ ಫಲವನ್ನು ಇಂದಿಗೂ ಉಣ್ಣುತ್ತಿದೆ. 2000ದ ಡಿಸೆಂಬರಿನ ಎಸ್‌ಆರ್‌ಯು ಕಾಯಿದೆ (ನಗರಗಳ ಸಹಬಾಳ್ವೆ ಮತ್ತು ನವೀಕರಣದ ಕಾಯಿದೆ) ನಿಗದಿತ ಜನಸಂಖ್ಯೆ ಮೀರಿದ ನಗರಗಳು ತಮ್ಮ ಎಲ್ಲೆಯೊಳಗೇ ಶೇ. 20ರಷ್ಟು ಸಾಮಾಜಿಕ ವಸತಿ ಹೊಂದಿರಬೇಕೆಂದು ವಿಧಿಸಿದ್ದು, ಮುಂದೆ ಡ್ಯುಫ್ಲೋ ಕಾಯಿದೆ ಆ ಗುರಿಯನ್ನು ಪ್ಯಾರಿಸ್ಸಿನಂಥ ನಗರಗಳಿಗೆ ಶೇ. 25ಕ್ಕೆ ಏರಿಸಿದ್ದು ಈ ಕಾರಣಕ್ಕೇ. ಕಟ್ಟಿ ತುಂಬಿಹೋದ ಪ್ಯಾರಿಸ್ಸಿನಲ್ಲಿ ಖಾಲಿ ನಿವೇಶನವೆಲ್ಲಿದೆ? ಸೈನ್ಯವೋ ಆಸ್ಪತ್ರೆಯೋ ತೆರವು ಮಾಡಿದ ಕಟ್ಟಡಗಳೇ ಗತಿ.

ಇನ್ನು ಕಟ್ಟಡದ ಮಾತು. 19ನೇ ಶತಮಾನದ ಬ್ಯಾರಕ್ಕು ಮನೆಯಾಗಲು ಹುಟ್ಟಿದಂತಿರುತ್ತದೆ: ಉದ್ದವಿದ್ದರೂ ಅಗಲ ಕಡಿಮೆ, ಕಿಟಕಿಗಳು ಸಮ ಅಂತರದಲ್ಲಿ ಸಾಲಾಗಿ, ಗಾಳಿ ಬೆಳಕು ಎರಡೂ ಬದಿಯಿಂದ. ಕಷ್ಟವಿರುವುದು ಬಚ್ಚಲಿನ ಕೊಳವೆ ಇಳಿಸುವಲ್ಲಿ, ಮತ್ತು ಚಳಿ ತಡೆಯುವ ಪದರವನ್ನು ಹೊರಗೋಡೆಯ ಚಂದ ಕೆಡದಂತೆ ಒಳಬದಿಗೇ ಹೊಂದಿಸುವಲ್ಲಿ. ಪದರ ದಪ್ಪವಾದಷ್ಟೂ ಕೋಣೆ ಕಿರಿದಾಗುತ್ತದೆ. ಸೈನಿಕರು ಕವಾಯತು ಮಾಡುತ್ತಿದ್ದ ಅಂಗಳವನ್ನು ಸಾರ್ವಜನಿಕ ಉದ್ಯಾನವಾಗಿಸಿದ್ದು, ನನ್ನ ಮಟ್ಟಿಗೆ, ಇಡೀ ಯೋಜನೆಯ ಅತ್ಯುತ್ತಮ ನಿರ್ಧಾರ.

ಬಾಡಿಗೆದಾರ:
ಅಂಗಳ ಸರಿ, ಮೆಟ್ಟಿಲಿನ ಕಥೆಯೇನು? ಬೇರೆ ಬೇರೆ ವರಮಾನದವರಿಗೆ ಬೇರೆ ಬೇರೆ ಕಟ್ಟಡ ಕೊಟ್ಟು, ಉದ್ಯಾನದಲ್ಲಿ ಮಾತ್ರ ಎದುರಾಗಲು ಬಿಟ್ಟರೆ ಅದನ್ನು ಬಡವರು ಉಳ್ಳವರು ಬೆರೆತು ಬಾಳುವುದೆಂದು ಕರೆಯಲಾರೆ. ನಮ್ಮ ಕರ್ನಾಟಕ ಗೃಹ ಮಂಡಳಿಯ ಬಡಾವಣೆಗಳಲ್ಲೂ ಎಲ್ಲ ವರಮಾನದವರಿಗೂ ಜಾಗವಿದೆ, ಆದರೆ ಕಡಿಮೆ ವರಮಾನದವರ ಸಾಲು ಯಾವುದೆಂದು ದೂರದಿಂದಲೇ ಹೇಳಬಹುದು. ಇನ್ನೊಂದು ಮಾತು: ‘ಸಾಮಾಜಿಕ’ ಎಂಬ ಒಂದೇ ಚೀಟಿಯ ಕೆಳಗೆ ಪಿಎಲ್‌ಎಐ, ಪಿಎಲ್‌ಯುಎಸ್, ಪಿಎಲ್‌ಎಸ್ ಎಂಬ, ಕಟ್ಟಲು ಕೊಡುವ ಸರ್ಕಾರಿ ಸಾಲಗಳ ಹೆಸರಿನ, ಕೆಳಗಿನಿಂದ ಮೇಲಕ್ಕೆ ಮೂರು ದರ್ಜೆಗಳಿವೆ. ಪಿಎಲ್‌ಎಸ್‌ನ ವರಮಾನ ಮಿತಿ ನಡುವಿನ ದರ್ಜೆಗಿಂತ ಶೇ. 30ರಷ್ಟು ಹೆಚ್ಚು. ಕಡುಬಡವರ ಪಿಎಲ್‌ಎಐ ಪಾಲೆಷ್ಟು ಎಂದು ಕೇಳದೆ ಒಟ್ಟು ಸಂಖ್ಯೆಯನ್ನಷ್ಟೇ ಮೆಚ್ಚುವುದು ಕುರುಡು ಲೆಕ್ಕ. ಸಾಮಾಜಿಕ ವಸತಿಗೆ ಪ್ಯಾರಿಸ್ಸಿನಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರೇ ಎರಡು ಲಕ್ಷಕ್ಕೂ ಹೆಚ್ಚು.

ಲೆಕ್ಕಿಗ:
ಬಾಡಿಗೆದಾರರ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಅಷ್ಟೊಂದು ಮಂದಿ ಸಾಲಿನಲ್ಲಿ ನಿಂತಿರುವಾಗ, ಸರ್ಕಾರಿ ಸಂಸ್ಥೆಯೊಂದು ಮಾರುಕಟ್ಟೆ ದರಕ್ಕೆ ಮನೆ ಬಾಡಿಗೆಗೆ ಕೊಡುವುದು ಯಾವ ನ್ಯಾಯ? ಎಲ್ಲವನ್ನೂ ಸಾಮಾಜಿಕ ವಸತಿಯಾಗಿಸಬೇಕಿತ್ತು, ಇಲ್ಲವೇ ಮಾರಿಬಿಡಬೇಕಿತ್ತು.

ಪಡಸಾಲೆ:
ಎಲ್ಲವನ್ನೂ ಸಾಮಾಜಿಕ ವಸತಿಯಾಗಿಸಿದ ಉದಾಹರಣೆಯೂ ಅದೇ ನಗರದಲ್ಲಿದೆ: ಶ್ರೀಮಂತರ 7ನೇ ವಿಭಾಗದಲ್ಲಿ ರಕ್ಷಣಾ ಸಚಿವಾಲಯ ಬಿಟ್ಟುಹೋದ ಕಟ್ಟಡಗಳಲ್ಲಿ 254 ಸಾಮಾಜಿಕ ಮನೆಗಳಾದವು. ಸುತ್ತಲೂ ಸಿರಿವಂತರೇ ಇರುವಲ್ಲಿ ಆ ಹಾದಿ ಸರಿ, ಮೊದಲೇ ಮಿಶ್ರ ಜನವಸತಿಯಿರುವ 12ನೇ ವಿಭಾಗಕ್ಕೆ ಅದೇ ಅಳತೆ ಬೇಕಿಲ್ಲ. ಹೆಚ್ಚಿನ ಬಾಡಿಗೆಯ ಮನೆಗಳಿಂದ ಬರುವ ಹಣ ದುರಸ್ತಿಗೂ ಸಾಲದ ಕಂತಿಗೂ ಒದಗುತ್ತದೆ. ಮಾರಿದ ಮನೆ ಮಾತ್ರ ಕೈಬಿಟ್ಟುಹೋಯಿತೆಂದೇ ಲೆಕ್ಕ. ಬಾಡಿಗೆಯ ಮನೆಯಾದರೆ ಒಡೆತನ ಸಂಸ್ಥೆಯದ್ದೇ ಆಗಿರುವುದರಿಂದ, ಇಂದಿನ ಬಾಡಿಗೆದಾರ ಖಾಲಿ ಮಾಡಿದ ದಿನ ಅದರ ದರ್ಜೆಯನ್ನು ಇಳಿಸುವ ದಾರಿಯಾದರೂ ಉಳಿದಿರುತ್ತದೆ.

ಬಾಡಿಗೆದಾರ:
ಹಾಗೆ ಇಳಿಸುವ ಷರತ್ತನ್ನು ಕರಾರಿನಲ್ಲೇ ಬರೆದಿಟ್ಟರೆ ನನ್ನ ವಿರೋಧವಿಲ್ಲ. ಬರೆದಿಡದಿದ್ದರೆ, ಹೆಚ್ಚು ಬಾಡಿಗೆ ತರುವ ಮನೆಯನ್ನು ಯಾವ ಸಂಸ್ಥೆಯೂ ತಾನಾಗಿ ಬಿಟ್ಟುಕೊಡುವುದಿಲ್ಲ.