ಶನಿ ಕಾರು ಬೇಕೋ ಬ್ಯಾಡೋ

ನಮ್ಮ ‘ಹಳೇ ಮನಿ ಮಂದಿ’ ಗುಂಪಿನಲ್ಲಿ ದಿನಾ ಬರುವುದು ಶುಭೋದಯದ ಗುಲಾಬಿ, ಯಾರದೋ ಸೀಮಂತದ ಫೋಟೊ, ಪಂಚಾಂಗ. ಈಚೆಗೆ ಒಂದು ಶುಕ್ರವಾರ ರಾತ್ರಿ ಮಾತ್ರ ಎರಡು ತಾಸು ಯಾರೂ ಫೋನ್ ಕೆಳಗಿಡಲಿಲ್ಲ. ಸಣ್ಣಣ್ಣ ಮತ್ತು ವೈನಿಯ ಮಗ ವಿನು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಓದುತ್ತಿದ್ದಾನೆ, ಒಂದು ಹಳೇ ಕಾರಿನ ಜಾಹೀರಾತು ಹಂಚಿದ್ದ. ಹೆಬ್ಬೆರಳುಗಳನ್ನೂ ಕೈಮುಗಿದ ಚಿತ್ರಗಳನ್ನೂ ತೆಗೆದು ಉಳಿದದ್ದನ್ನು ಇದ್ದ ಹಾಗೇ ಇಳಿಸಿದ್ದೇನೆ.

ರಾತ್ರಿ 9:04

ವಿನು: ಎಲ್ಲಾರೂ ಒಮ್ಮೆ ನೋಡ್ರಿ. 1999ರ ಸ್ಯಾಟರ್ನ್ ಎಸ್‌ಎಲ್2. ನಾಲ್ಕು ಬಾಗಲಾ, ಐದು ಗೇರು, ಆಟೊಮ್ಯಾಟಿಕ್ ಅಲ್ಲ. 1,38,000 ಮೈಲಿ ಓಡೈತಿ. 1,600 ಡಾಲರ್. ಒಬ್ಬಾಕಿ ಟೀಚರ್ ಇಟ್ಟುಕೊಂಡಿದ್ದ ಗಾಡಿ. ನನಗ ಬಸ್ಸಿನ್ಯಾಗ ಕ್ಲಾಸಿಗೆ ಹೋಗಾಕ ಒಂದೂವರೆ ತಾಸು ಹಿಡೀತೈತಿ.

ಸಣ್ಣಣ್ಣ: ನೀ ಹುಟ್ಟಿದ್ದು 2002. ಗಾಡಿಗೆ ನೀನ ಅಣ್ಣಾ ಅನ್ನಬೇಕಾಗ್ತೈತಿ.

ವೈನಿ: ಏರ್‌ಬ್ಯಾಗ್ ಇದೆಯೇನೋ?

ವಿನು: ಮುಂದ ಎರಡು ಅದಾವ ಅಮ್ಮಾ.

ದೊಡ್ಡಣ್ಣ: ಆಯಿಲ್ ಎಷ್ಟು ತಿಂತೈತಿ?

ದೊಡ್ಡಣ್ಣ ಬಸ್ ಡಿಪೊದ ಎಂಜಿನ್ ಸೆಕ್ಷನ್ನಿನಲ್ಲಿ ಇದ್ದು ನಿವೃತ್ತನಾದವನು. ಯಾವ ಗಾಡಿಯ ಸುದ್ದಿ ಬಂದರೂ ಬಣ್ಣ, ಬೆಲೆ, ಮೈಲೇಜು ಏನನ್ನೂ ಕೇಳುವುದಿಲ್ಲ, ಇದೊಂದನ್ನೇ ಕೇಳುತ್ತಾನೆ. ಈ ಸಲ ಅವನ ಬಾಣ ನೆಟ್ಟಗೆ ಹೋಗಿ ತಾಗಿತ್ತು, ಅದು ಅವನಿಗೂ ಗೊತ್ತಿರಲಿಲ್ಲ.

ವಿನು: ಜಾಹೀರಾತಿನ್ಯಾಗ ಬರದಿಲ್ಲ ದೊಡ್ಡಪ್ಪ.

ದೊಡ್ಡಣ್ಣ: ಯಾರು ಬರೀತಾರ ತಮ್ಮಾ ಅದನ್ನ.

ಪ್ರಕಾಶ (ಮಿಶಿಗನ್): ದೊಡ್ಡಣ್ಣಾವ್ರೇ, ಈ ಕಾರಿಗೆ ಮೊದಲು ಕೇಳಬೇಕಾದ ಪ್ರಶ್ನೆನೇ ಅದು! ಆದ್ರೂ ತಗೋ ಅಂತೀನಿ ವಿನು. ಒಳ್ಳೆ ಕಾರು.

ಪ್ರಕಾಶ ವೈನಿಯ ತಮ್ಮ, ತುಮಕೂರಿನವನು. 1996ರಿಂದ ಅಮೆರಿಕದಲ್ಲೇ ಇದ್ದಾನೆ, ಕಾರಿನ ಬಿಡಿಭಾಗಗಳ ಕೆಲಸ. ಒಂದು ಸಲ ಶುರುಮಾಡಿದರೆ ನಿಲ್ಲಿಸುವುದು ಕಷ್ಟ.

ಪ್ರಕಾಶ: ಜಪಾನಿನ ಸಣ್ಣ ಕಾರುಗಳಿಗೆ ಉತ್ತರ ಕೊಡ್ಬೇಕು ಅಂತ್ಲೇ ಜಿಎಂ, ಅಂದ್ರೆ ಜನರಲ್ ಮೋಟರ್ಸ್, ಹುಟ್ಟುಹಾಕಿದ ಕಂಪನಿ ಈ ಸ್ಯಾಟರ್ನ್. 1985ರ ಜನವರಿಯಲ್ಲಿ ಜಿಎಂ ಮುಖ್ಯಸ್ಥ ರಾಜರ್ ಸ್ಮಿತ್ ಘೋಷಣೆ ಮಾಡಿದ್ರು, ಮೊದಲ ಕಾರು ಹೊರಗೆ ಬಂದಿದ್ದು 1990ರ ಜುಲೈ 30ಕ್ಕೆ.

ಪ್ರಕಾಶ: ಕಾರ್ಖಾನೆ ಎಲ್ಲಿತ್ತು ಗೊತ್ತೇನೋ? ಟೆನೆಸಿಯ ಸ್ಪ್ರಿಂಗ್ ಹಿಲ್. ನೀನಿರೋ ಕಡೆಯಿಂದ ಒಂದು ಗಂಟೆ ದಾರಿನೂ ಇಲ್ಲ. ಈಗ ಅಲ್ಲಿ ಜಿಎಂನ ದುಬಾರಿ ಕಾರು ಕ್ಯಾಡಿಲಾಕ್ ಮಾಡ್ತಾರೆ.

ಪ್ರಕಾಶ: ಬಾಗಿಲು, ಮಡ್‌ಗಾರ್ಡ್ ಎಲ್ಲಾ ಪ್ಲಾಸ್ಟಿಕ್. ಗುದ್ದಿದ್ರೆ ತಗ್ಗು ಬೀಳಲ್ಲ, ವಾಪಸ್ ಬರುತ್ತೆ. ಹಿಮ ಕರಗಲಿ ಅಂತ ಉಪ್ಪು ಸುರಿಯೋ ರಸ್ತೆಲೂ ತುಕ್ಕು ಹಿಡಿಯಲ್ಲ. ಬಾನೆಟ್ಟು, ಟಾಪು, ಡಿಕ್ಕಿ ಮುಚ್ಚಳ ಮಾತ್ರ ಕಬ್ಬಿಣ.

ಸಣ್ಣಣ್ಣ: ಪ್ಲಾಸ್ಟಿಕ್ ಕಾರಿಗೆ ಒಂದೂವರಿ ಲಕ್ಷ ರೂಪಾಯಿ ಕೊಡೂದೇನು?

ಪ್ರಕಾಶ: ಒಳಗೆ ಉಕ್ಕಿನ ಚೌಕಟ್ಟು ಇದೆ ಭಾವ. ಪ್ಲಾಸ್ಟಿಕ್ ಬರೀ ಹೊದಿಕೆ.

ಪ್ರಕಾಶ: ಆಗ ಅಮೆರಿಕದಲ್ಲಿ ಕಾರು ತಗೊಳ್ಳೋದು ಅಂದ್ರೆ ಸಂತೇಲಿ ಎತ್ತು ಕೊಂಡ ಹಾಗೆ, ಗಂಟೆಗಟ್ಟಲೆ ಎಳೆದಾಟ. ಇವರು ಮಾತ್ರ ಚೌಕಾಶಿನೇ ಇಲ್ಲ, ಬರೆದಿದ್ದೇ ಬೆಲೆ ಅಂದ್ರು. ಜನ ಅದಕ್ಕೇ ಮುಗಿಬಿದ್ರು. 1991ರಲ್ಲಿ ಪೂರೈಕೆದಾರರು ಕಳಿಸಿದ ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ದ್ರವ, ಸರಿ ಇರ್ಲಿಲ್ಲ, ಎಂಜಿನ್ ಕೊರೆದು ಹಾಕುತ್ತೆ ಅಂತ ಗೊತ್ತಾಯ್ತು. ಸಾವಿರದ ಎಂಟುನೂರಕ್ಕೂ ಹೆಚ್ಚು ಕಾರು. ರಿಪೇರಿ ಮಾಡ್ಲಿಲ್ಲ, ಕಾರೇ ಬದಲಿಸಿ ಕೊಟ್ರು! 1994ರಲ್ಲಿ ಕಾರ್ಖಾನೆಗೆ ಬನ್ನಿ ಅಂತ ಕಾರಿನವರನ್ನೆಲ್ಲ ಕರೆದ್ರು, ನಲವತ್ತು ಸಾವಿರಕ್ಕೂ ಹೆಚ್ಚು ಜನ ಹೋಗಿದ್ರು.

ದೊಡ್ಡಣ್ಣ: ಜಾತ್ರಿ ಆತು. ಪಿಸ್ಟನ್ ರಿಂಗಿನ ಮಾತು ಹೇಳ್ರಿ.

ಪ್ರಕಾಶ: ಹೇಳ್ತೀನಿ. 1.9 ಲೀಟರ್ ಎಂಜಿನ್. ಪಿಸ್ಟನ್‌ನಲ್ಲಿ ಆಯಿಲ್ ಒರೆಸೋ ರಿಂಗ್ ಕೂರೋ ಕಚ್ಚು ಇದೆಯಲ್ಲ, ಅಲ್ಲಿಂದ ಆಯಿಲ್ ವಾಪಸ್ ಕೆಳಗೆ ಇಳಿಯೋಕೆ ತೂತು ಬಿಟ್ಟಿಲ್ಲ. ಆಯಿಲ್ ಅಲ್ಲೇ ನಿಂತು ಸುಟ್ಟು ಕಿಟ್ಟ ಕಟ್ಟುತ್ತೆ, ರಿಂಗ್ ಹಿಡ್ಕೊಂಡುಬಿಡುತ್ತೆ. ಆಮೇಲೆ ಆಯಿಲ್ ಮೇಲೆ ಹೋಗಿ ಪೆಟ್ರೋಲ್ ಜೊತೆ ಉರಿಯುತ್ತೆ.

ದೊಡ್ಡಣ್ಣ: ತೂತಾ ಇಲ್ಲ? ಆ ಪಿಸ್ಟನ್ ಡಿಸೈನ್ ಮಾಡಿದಾಂವ ಯಾರು?

ಪ್ರಕಾಶ: ಎಂಜಿನ್ ಬಿಚ್ಚಿದೋರು ಪಿಸ್ಟನ್‌ಗೆ ತಾವೇ ಡ್ರಿಲ್ ಹೊಡೆದು ಕೂರಿಸ್ತಾರೆ, ಗೊತ್ತಾ. ಬಿಚ್ಚದವರು ಸ್ಪಾರ್ಕ್ ಪ್ಲಗ್ ತೆಗೆದು ದ್ರಾವಣ ಸುರಿದು ರಾತ್ರಿ ನೆನೆಸಿಡ್ತಾರೆ, ಸ್ವಲ್ಪ ಬಿಡುತ್ತೆ. ಏನೂ ಮಾಡದವರು ಆಯಿಲ್ ಹಾಕ್ತಾ ಓಡಿಸ್ತಾರೆ. ಎರಡು ಲಕ್ಷ ಮೈಲಿ ದಾಟಿಸಿದವರೂ ಇದ್ದಾರೆ.

ದೊಡ್ಡಣ್ಣ: ಹಾಕ್ತಾ ಓಡಿಸ್ತಾರ. ಹಾಕೂದು ಮರತಾಂವ?

ಪ್ರಕಾಶ: ಅಲ್ಲೇ ಸಾಯೋದು. ಒಟ್ಟು ನಾಲ್ಕು ಕ್ವಾರ್ಟ್ ಹಿಡಿಯುತ್ತೆ, ಅಂದ್ರೆ ನಾಲ್ಕು ಲೀಟರೂ ತುಂಬಲ್ಲ. ಡ್ಯಾಶ್‌ಬೋರ್ಡ್ ದೀಪ ಪ್ರೆಶರ್‌ದು, ಮಟ್ಟದ್ದಲ್ಲ. ಅದು ಹತ್ತೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ. ಟೈಮಿಂಗ್ ಬೆಲ್ಟ್ ಅಲ್ಲ, ಚೈನು, ಅದು ಒಳ್ಳೇದೇ. ಆದ್ರೆ ಚೈನು ಬಿಗಿಯಾಗಿಡೋ ಟೆನ್ಶನರ್‌ಗೂ ಆಯಿಲ್ ಬೇಕು.

ಇಷ್ಟರಲ್ಲಿ ಸಣ್ಣಣ್ಣ ಎಲ್ಲಿಂದಲೋ ಒಂದು ಸುದ್ದಿ ಹುಡುಕಿ ತಂದು ಹಾಕಿದ. ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು, ತಪ್ಪು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಸಣ್ಣಣ್ಣ: ಇದನ್ನ ನೋಡ್ರಿ. 2014ರಾಗ ಜಿಎಂ 26 ಲಕ್ಷ ಗಾಡಿ ವಾಪಸ್ ಕರಸೈತಿ. ಓಡ್ತಿರಬೇಕಾದ್ರ ಚಾವಿ ತಾನ ತಿರುಗಿ ಬಂದ್ ಆಗಿ, ಏರ್‌ಬ್ಯಾಗ್ ಬಿಚ್ಚದ 124 ಮಂದಿ ಸತ್ತಾರ. ಪಟ್ಟಿಯೊಳಗ ಸ್ಯಾಟರ್ನ್ ಹೆಸರು ಐತಿ.

ವೈನಿ: ಅಯ್ಯೋ ದೇವರೇ. ಬೇಡವೇ ಬೇಡ ವಿನು.

ಪ್ರಕಾಶ: ಅಕ್ಕ, ತಡಿ. ಅದು ಸ್ಯಾಟರ್ನ್ ಅಯಾನ್, 2003ರ ಮೇಲೆ ಬಂದಿದ್ದು. ವಿನು ನೋಡ್ತಿರೋದು ಎಸ್ ಸರಣಿ, 2002ಕ್ಕೇ ಮುಗೀತು. ಆ ಚಾವಿ ಸ್ವಿಚ್ಚೇ ಇದಕ್ಕಿಲ್ಲ.

ಸಣ್ಣಣ್ಣ: ಕಂಪನಿ ಒಂದ ಅಲ್ಲೇನ್ರಿ?

ಪ್ರಕಾಶ: ಹಾಗಂದ್ರೆ ಹೇಗೆ ಭಾವ. ಅಣ್ಣ ಸಾಲ ಮಾಡಿದ್ರೆ ತಮ್ಮನ ಮನೆ ಜಪ್ತಿ ಮಾಡ್ತೀರಾ ನಿಮ್ಮ ಬ್ಯಾಂಕಲ್ಲಿ?

ಸಣ್ಣಣ್ಣ: ತಮ್ಮ ಜಾಮೀನು ಹಾಕಿದ್ರ ಮಾಡ್ತೀವಿ.

ಸಣ್ಣಣ್ಣ: ಕಂಪನಿನ ಮುಚ್ಚಿ ಹೋಗೈತಿ ಅಂತ ಇಲ್ಲಿ ಬರದಾರ. ಸಾಮಾನು ಎಲ್ಲಿಂದ ತರಾಂವ? ಜಾತ್ರಿ ಮಾಡಿದ್ದು ಹೇಳಿದ್ರಿ, ತಿಥಿ ಮಾಡಿದ್ದು ಹೇಳಲಿಲ್ಲ.

ಪ್ರಕಾಶ: ಹೌದು, ಮುಚ್ಚಿದೆ. 2009ರಲ್ಲಿ ಪೆನ್‌ಸ್ಕಿ ಅಂತ ಕಾರು ಮಾರೋ ಕಂಪನಿಯವರು ಕೊಂಡುಕೊಳ್ಳೋರಿದ್ರು, ಸೆಪ್ಟೆಂಬರ್ 30ಕ್ಕೆ ಮುರಿದುಬಿತ್ತು. ಮರುವರ್ಷ ಬಾಗಿಲು ಹಾಕಿದ್ರು. ಆದ್ರೆ ಫಿಲ್ಟರು, ಸೆನ್ಸರು, ಮೌಂಟಿಂಗು ಎಲ್ಲಾ ಅಂಗಡೀಲೂ ಸಿಗುತ್ತೆ. ಬಾಗಿಲ ಪ್ಲಾಸ್ಟಿಕ್ ಬೇಕಂದ್ರೆ ಗುಜರಿಗೆ ಹೋಗ್ಬೇಕು, ಅಷ್ಟೇ.

ವೈನಿ: ಹೊಸ ಕಾರಲ್ಲಿ ಜಾರದ ಹಾಗೆ ತಡೆಯೋದು ಏನೋ ಇರುತ್ತಲ್ಲ ಪ್ರಕಾಶ? ಮಳೇಲಿ?

ಪ್ರಕಾಶ: ಇಎಸ್‌ಸಿ. ಅದು ಕಡ್ಡಾಯ ಆಗಿದ್ದು 2012ರ ಮಾಡೆಲ್‌ನಿಂದ. ಇದಕ್ಕಿಲ್ಲ ಅಕ್ಕ, ಸುಳ್ಳು ಹೇಳಲ್ಲ.

ಸಣ್ಣಣ್ಣ: ಮತ್ತ ಯಾಕ ತಗೋ ತಗೋ ಅಂತೀರಿ ಹುಡುಗಗ? ನಿಮ್ಮ ಗ್ಯಾರೇಜಿನ್ಯಾಗ ಎರಡು ಹೊಸ ಗಾಡಿ ನಿಂತಾವ.

ಪ್ರಕಾಶ: ಸರಿ. ಟೊಯೊಟಾ ಕೊರೊಲಾ ತಗೊಳ್ಳಲಿ. ಹೆಚ್ಚಿನ ದುಡ್ಡು ನಾನು ಕೊಡ್ತೀನಿ, ಬಿಡಿ.

ಇಲ್ಲಿ ಗುಂಪು ಹನ್ನೊಂದು ನಿಮಿಷ ಸುಮ್ಮನಿತ್ತು. ಸಣ್ಣಣ್ಣ ಬರೆಯುತ್ತಿದ್ದಾನೆ ಎಂದು ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಆಚೆ ವೈನಿ ನನಗೆ ಬೇರೆಯಾಗಿ ಫೋನ್ ಮಾಡಿ, “ಇವರಿಬ್ಬರ ನಡುವೆ ನಾನು ಏನು ಹೇಳ್ಲಿ” ಅಂದರು. ನಾನು ಅವ್ವನ ಪಕ್ಕ ಕೂತು ಎಲ್ಲವನ್ನೂ ಓದಿ ಹೇಳುತ್ತಿದ್ದೆ. ಸ್ಯಾಟರ್ನ್ ಅಂದರೇನು ಅಂತ ಅವ್ವ ಕೇಳಿದಳು. ನಾನು ಹೇಳಬಾರದಿತ್ತು. ಹೇಳಿದೆ.

ರಾತ್ರಿ 10:21

ಅವ್ವ (ಧ್ವನಿ ಸಂದೇಶ, 48 ಸೆಕೆಂಡು): ಏ ವಿನ್ಯಾ. ನಿಮ್ಮತ್ತಿ ಹೇಳಿದ್ಲು, ಆ ಗಾಡಿ ಹೆಸರು ಶನಿ ಅಂತ. ಹೌದೇನು? ಮಂದಿ ಶನಿ ಬಿಡಲಿ ಅಂತ ಎಳ್ಳೆಣ್ಣಿ ದೀಪ ಹಚ್ಚತಾರ, ನೀ ರೊಕ್ಕಾ ಕೊಟ್ಟು ಕರಕೊಂಡ ಬರ್ತಿ? ಇಟ್ಟಾಂವಗೂ ಬುದ್ಧಿ ಇಲ್ಲ. ಚಂದನ್ನ ಹೆಸರು ಸಿಗಲಿಲ್ಲೇನ ಅವರಿಗೆ?

ವಿನು: ಅಜ್ಜಿ, ಚಂದ್ರನ ಮ್ಯಾಲೆ ಮಂದಿ ಹೋದ ರಾಕೆಟ್ಟಿನ ಹೆಸರೂ ಅದ!

ದೊಡ್ಡಣ್ಣ: ಅವ್ವಾ, ಅದು ದಿನಾ ಎಣ್ಣಿ ಕುಡಿಯೂ ಗಾಡಿ. ಹೆಸರು ಸರಿಯಾಗೇ ಇಟ್ಟಾರ.

ಮೊದಲು ನಕ್ಕಿದ್ದು ಸಣ್ಣಣ್ಣ. ಅದರ ಮೇಲೆ ದುಡ್ಡಿನ ಮಾತು ಮತ್ತೆ ಏಳಲಿಲ್ಲ, ಪ್ರಕಾಶನೂ ಎತ್ತಲಿಲ್ಲ.

ದೊಡ್ಡಣ್ಣ: ವಿನು, ತಗೋಬ್ಯಾಡ ಅನ್ನೂದು ನನ್ನ ಮಾತು. ಆದ್ರ ನೋಡಿ ಬಾ, ನೋಡಾಕ ರೊಕ್ಕಾ ಬೀಳೂದಿಲ್ಲ. ಹೋಗೂ ಮುಂಚೆ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಆಕಿಗೆ ಹೇಳು. ಹೋದ ಕೂಡ್ಲೇ ಬಾನೆಟ್ ಮ್ಯಾಲೆ ಕೈ ಇಡು. ಬೆಚ್ಚಗಿದ್ರ ಮೊದಲ ಚಾಲೂ ಮಾಡಿ ಇಟ್ಟಾರ ಅಂತ ತಿಳಕೊ. ಆಯಿಲ್ ಗೇಜ್ ಎಳದು ನೋಡು. ಚಾಲೂ ಆದ ಕೂಡ್ಲೇ ಚೈನಿನ ಸಪ್ಪಳ ಕೇಳು.

ಪ್ರಕಾಶ: ಇನ್ನೊಂದೆರಡು. ನ್ಯೂಟ್ರಲ್‌ನಲ್ಲಿ ನಿಂತಾಗ ಸ್ಟೀರಿಂಗು, ಸೀಟು ಗಡಗಡ ಅಂದ್ರೆ ಎಂಜಿನ್ನಿನ ಮೇಲಿನ ಮೌಂಟಿಂಗ್ ರಬ್ಬರ್ ಹರಿದಿದೆ. ಅರ್ಧ ಗಂಟೆ ಕೆಲಸ, ಹೆದರಬೇಡ. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಪ್ಲಗ್ ಕಿತ್ತು ನೋಡು. ಹಳೇ ಸೆನ್ಸರ್ ತುದಿ ಪ್ಲಾಸ್ಟಿಕ್, ಸೀಳಿ ನೀರು ಪ್ಲಗ್ಗಿಗೆ ಏರುತ್ತೆ. ಆಗ ಕಂಪ್ಯೂಟರು ಎಂಜಿನ್ ಇನ್ನೂ ತಣ್ಣಗಿದೆ ಅಂದ್ಕೊಂಡು ಪೆಟ್ರೋಲ್ ಸುರಿಯುತ್ತೆ, ಫ್ಯಾನ್ ಕೂಡ ತಿರುಗಲ್ಲ. ಹಿತ್ತಾಳೆ ತುದೀದು ಹಾಕಿದ್ರೆ ಮುಗೀತು, ಪಿಜ್ಜಾ ದುಡ್ಡು.

ಪ್ರಕಾಶ: ಕೈಗೇರು ಅಂತ ಹೇಳಿದ್ದು ಒಳ್ಳೇದಾಯ್ತು. ಇದರ ಆಟೊಮ್ಯಾಟಿಕ್ ರಿವರ್ಸ್‌ಗೆ ಹಾಕಿದ್ರೆ ಒಂದು ಕ್ಷಣ ಸುಮ್ಮನಿದ್ದು ದಢಾರ್ ಅಂತ ಒದೆಯುತ್ತೆ, ಗೇರ್ ಬದಲಿಸೋ ವಾಲ್ವ್ ಬಾಡಿ ಸವೆದು. ಇನ್ನು ಇದೇ ಸರಣಿಯ ಎಸ್‌ಎಲ್1 ಆಗಿದ್ರೆ ನಾನೇ ಬೇಡ ಅಂತಿದ್ದೆ. ಆ ಒಂದೇ ಕ್ಯಾಮ್ ಎಂಜಿನ್ನಿನ ಹೆಡ್ ಸೀಳಿ ಆಯಿಲ್ಲು ಕೂಲೆಂಟು ಒಂದಾಗೋದಿತ್ತು.

ವೈನಿ: ಆ ಬಾಗಿಲು ನಿಜವಾಗ್ಲೂ ಪ್ಲಾಸ್ಟಿಕ್ಕಾ ಅಂತ ಫ್ರಿಜ್ಜಿನ ಮ್ಯಾಗ್ನೆಟ್ ತಗೊಂಡು ಹೋಗಿ ನೋಡು.

ಶನಿವಾರ ಬೆಳಿಗ್ಗೆ 5:10

ಎದ್ದು ನೋಡಿದರೆ ಎಂಟು ಫೋಟೊ. ಮೊದಲನೆಯದು ನಾವು ಇಲ್ಲಿಂದ ಕಳಿಸಿದ್ದ ಗೋಲಗುಮ್ಮಟದ ಮ್ಯಾಗ್ನೆಟ್, ಬಾನೆಟ್ ಮೇಲೆ ಗಟ್ಟಿಯಾಗಿ ಕೂತಿತ್ತು. ಎರಡನೆಯದರಲ್ಲಿ ಅದೇ ಮ್ಯಾಗ್ನೆಟ್ ಬಾಗಿಲ ಕೆಳಗೆ ಹುಲ್ಲಿನಲ್ಲಿ ಬಿದ್ದಿತ್ತು.

ವಿನು: ಬಾನೆಟ್ ತಣ್ಣಗಿತ್ತು ದೊಡ್ಡಪ್ಪ. ಹೊಗಿ ಕಾಣಲಿಲ್ಲ. ಚೈನ್ ಎರಡು ಸೆಕೆಂಡ್ ಸಪ್ಪಳ ಮಾಡಿ ಸುಮ್ಮನಾತು. ಸೆನ್ಸರ್ ಪ್ಲಗ್ಗಿನ್ಯಾಗ ಹಸರು ಕಿಲುಬು ಐತಿ. ಗೇಜ್ ನೋಡ್ರಿ.

ಗೇಜಿನ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಬೆರಳಿನ ನಡುವೆ ಒಂದು ತೆಳ್ಳನೆ ಪಟ್ಟಿ, ತುದಿಯಲ್ಲಿ ಗೀಚಿದ ಗುರುತುಗಳು. ಕೆಳಗಿನ ಗುರುತಿಗಿಂತಲೂ ಕೆಳಗೆ, ಕೊನೆಯ ತುದಿಯಲ್ಲಿ ಕಾಡಿಗೆಯಂಥ ಒಂದು ಹನಿ.

ದೊಡ್ಡಣ್ಣ: ಆಕಿ ಏನಂದ್ಲು?

ವಿನು: ಎರಡು ತಿಂಗಳ ಹಿಂದ ಆಯಿಲ್ ಬದಲಿ ಮಾಡಿಸೀನಿ ಅಂದ್ರು. ನಡುವ ನೋಡಬೇಕು ಅಂತ ಗೊತ್ತಿಲ್ಲಂತ. ಫೋಟೊ ತೋರಿಸಿದ್ರ ಅವರ ಗಾಬರಿ ಆದ್ರು.

ದೊಡ್ಡಣ್ಣ: ಹೊಗಿ ಕಾಣದನೂ ತಿಂತೈತಿ. ಸೈಲೆನ್ಸರಿನ್ಯಾಗ ಬೆರಳ ಹಾಕಿದ್ದೇನು?

ವಿನು: ಹಾಕಿದ್ದೆ. ಕರ್ರಗ, ಜಿಡ್ಡು.

ಸ್ವಲ್ಪ ಹೊತ್ತು ದೊಡ್ಡಣ್ಣ ಏನೂ ಬರೆಯಲಿಲ್ಲ. ಬೇಡ ಅನ್ನುತ್ತಾನೆ ಅಂತಲೇ ಎಲ್ಲರೂ ಕಾದೆವು. ನನಗನ್ನಿಸುತ್ತದೆ, ಯಾರೂ ಹೇಳದೆ ಹುಡುಗ ಸೈಲೆನ್ಸರಿನಲ್ಲಿ ಬೆರಳು ಹಾಕಿದ್ದೇ ಅವನ ಮನಸ್ಸು ತಿರುಗಿಸಿತು. ಕಾರಿನಲ್ಲಂತೂ ರಾತ್ರಿಯಿಂದ ಬೆಳಗಿನವರೆಗೆ ಏನೂ ಬದಲಾಗಿರಲಿಲ್ಲ.

ದೊಡ್ಡಣ್ಣ: ತಗೋ.

ಸಣ್ಣಣ್ಣ: ಅಣ್ಣಾ!

ದೊಡ್ಡಣ್ಣ: ರೋಗ ಏನಂತ ಗೊತ್ತಾತಲ್ಲೋ. ಯಾವ ಹಳೇ ಗಾಡಿ ತಗೊಂಡ್ರೂ ಒಂದು ರೋಗ ಇದ್ದ ಇರ್ತೈತಿ, ಅದನ್ನ ಹುಡುಕೂದ್ರಾಗ ವರ್ಷ ಹೋಗ್ತೈತಿ. ಇದರದು ಕಣ್ಣಿಗೆ ಕಾಣ್ತೈತಿ. ಹೆದ್ದಾರಿಗೆ ಒಯ್ಯಬಾರದು, ಕ್ಲಾಸಿಗಷ್ಟ.

ವೈನಿ: ಆದ್ರೆ 1,600 ಯಾಕೆ ಕೊಡ್ಬೇಕು? ಆಯಿಲ್ ಇಲ್ಲ, ಸೆನ್ಸರ್ ಕೆಟ್ಟಿದೆ, ಕಂಪನಿ ಇಲ್ಲ. ಸಾವಿರದಿಂದ ಶುರು ಮಾಡು ವಿನು. ಅವರು ಏನೇ ಅಂದ್ರೂ ಗೇಜ್ ಫೋಟೊ ಇನ್ನೊಂದ್ಸಲ ತೋರ್ಸು.

ಪ್ರಕಾಶ: ಅಕ್ಕ, ಅದು ಚೌಕಾಶಿ ಇಲ್ಲದ ಕಾರು ಅಂತ ಹೆಸರು ಮಾಡಿದ್ದು!

ವೈನಿ: ಕಂಪನಿ ಇದ್ದಾಗ ಇರ್ಲಿಲ್ಲ. ಈಗ ಕಂಪನೀನೇ ಇಲ್ಲವಲ್ಲ.

ಸಾವಿರಕ್ಕೆ ಶುರುವಾಗಿ 1,250ಕ್ಕೆ ಮುಗಿಯಿತು. ಸಣ್ಣಣ್ಣ ‘ಆತು’ ಅಂತಷ್ಟೇ ಬರೆದ. ಮಧ್ಯಾಹ್ನ ಅಷ್ಟೂ ದುಡ್ಡು ಕಳಿಸಿದ್ದ. ವಿಮೆ, ಹೆಸರು ವರ್ಗಾವಣೆ ಮುಂದಿನ ವಾರದಲ್ಲಿ ಆದವು.

ಮುಂದಿನ ಶನಿವಾರ ರಾತ್ರಿ 8:30

ಅವ್ವ (ಧ್ವನಿ ಸಂದೇಶ, 9 ಸೆಕೆಂಡು): ವಿನ್ಯಾ, ಇವತ್ತ ಶನಿವಾರ. ನಾ ಹಣಮಪ್ಪಗ ಎಣ್ಣಿ ಹಾಕಿ ಬಂದೆ. ನೀ ನಿನ್ನ ಶನಿಗೆ ಹಾಕಿದಿ?

ವಿನು: ಈಗ ನೋಡಿ ಬಂದೆ ಅಜ್ಜಿ. ಹಾಕೂದು ಬೇಕಾಗಿಲ್ಲ, ಪೂರಾ ತುಂಬೈತಿ. ಫೋಟೊ ಹಾಕೀನಿ ನೋಡ್ರಿ.

ದೊಡ್ಡಣ್ಣ: ಗೇಜಿನ ತುಂಬ ಮ್ಯಾಲಿನ ತನಕ ಆಯಿಲ್ ಮೆತ್ತೈತಿ, ಖರೇ ಮಟ್ಟ ಗೊತ್ತಾಗೂದಿಲ್ಲ. ಒರಸಿ ಮತ್ತೊಮ್ಮೆ ಅದ್ದಿದ್ದೇನು?

ವಿನು: ಇಲ್ಲ ದೊಡ್ಡಪ್ಪ. ನಿಂದರ್ರಿ, ಬಟ್ಟಿ ತಗೊಂಡು ಮತ್ತ ಕೆಳಗ ಹೋಗ್ತೀನಿ.