ತೋಟದಮನೆ ಬಳಗದಲ್ಲಿ ನಿಕ್ಕಿ ಹ್ಯಾಲೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಡಿಕೆ ಧಾರಣೆ, ಶುಭೋದಯ, ಉಪನಯನದ ಕರೆಯೋಲೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. 2024ರ ಫೆಬ್ರವರಿ ಕೊನೆಯಲ್ಲಿ ರಘು ಚಿಕ್ಕಪ್ಪ ಒಂದು ಸುದ್ದಿ ಹಾಕಿ ಕೆಣಕಿದರು. ಅಮೆರಿಕದ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಯಾರು ಅಂತ ಆಗ ಒಂದೊಂದೇ ರಾಜ್ಯದಲ್ಲಿ ಮತದಾನ (ಪ್ರೈಮರಿ) ನಡೆಯುತ್ತಿತ್ತು; ಟ್ರಂಪ್ ಎದುರು ನಿಕ್ಕಿ ಹ್ಯಾಲೆ ನಿಂತಿದ್ದರು. ಅಲ್ಲಿ ಸಿಗುವ ಪ್ರತಿನಿಧಿಗಳೇ ಕೊನೆಗೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವುದು. ವೀಣತ್ತೆ ಇರುವುದು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ, ಅಲ್ಲಿಯ ಪೌರತ್ವ ಆಗಿದೆ. ದೊಡ್ಡಪ್ಪನ ಮಗ ಕಾರ್ತಿಕ ನ್ಯೂಜೆರ್ಸಿಯಲ್ಲಿದ್ದಾನೆ, ಗ್ರೀನ್ ಕಾರ್ಡಿನ ಸರದಿಯಲ್ಲಿ. ಶುಭೋದಯಗಳನ್ನು ಸೋಸಿದ್ದೇನೆ, ಜಗಳಕ್ಕೆ ಕೈ ಹಾಕಿಲ್ಲ.

ಫೆಬ್ರವರಿ 25, ಭಾನುವಾರ

ರಘು ಚಿಕ್ಕಪ್ಪ: (ಫಾರ್ವರ್ಡ್) ತವರು ರಾಜ್ಯದಲ್ಲೇ ನಿಕ್ಕಿ ಹ್ಯಾಲೆಗೆ ಸೋಲು. ಟ್ರಂಪ್‌ಗೆ ಶೇ 60ರ ಹತ್ತಿರ, ಹ್ಯಾಲೆಗೆ ಶೇ 40ರ ಹತ್ತಿರ. ಆದರೂ ಕಣದಿಂದ ಸರಿಯುವುದಿಲ್ಲ ಎಂದ ಹ್ಯಾಲೆ.

ರಘು ಚಿಕ್ಕಪ್ಪ: ವೀಣಾ, ಏನಮ್ಮ ಇದು? ಆರು ವರ್ಷ ಗವರ್ನರ್ ಆಗಿದ್ದ ರಾಜ್ಯದಲ್ಲೇ ಸೋತ ಮೇಲೂ ಬಿಡಲ್ಲ ಅಂದ್ರೆ ಹಟ ಅನ್ನಬೇಕೋ ಹುಚ್ಚು ಅನ್ನಬೇಕೋ?

ದೊಡ್ಡಪ್ಪ: ಅಯೋವಾದಲ್ಲಿ ಮೂರನೇ ಸ್ಥಾನ. ನ್ಯೂ ಹ್ಯಾಂಪ್‌ಶೈರ್ ಹೋಯ್ತು. ನೆವಾಡಾದಲ್ಲಂತೂ ನೋಟಾ ಎದುರು ಸೋತಳು. ನಮ್ಮ ತಾಲ್ಲೂಕಲ್ಲಿ ಯಾರೂ ಕೇಳದ ಪಕ್ಷೇತರನೂ ನೋಟಾಕ್ಕಿಂತ ನಾಲ್ಕು ವೋಟು ಜಾಸ್ತಿ ತಗೋತಾನೆ.

ವೀಣತ್ತೆ: ಅಣ್ಣಯ್ಯ, ನೆವಾಡಾದಲ್ಲಿ ನಡೆದದ್ದು ಎರಡು. ಸರ್ಕಾರದ ಪ್ರೈಮರಿ 6ನೇ ತಾರೀಕು, ಪಕ್ಷದವರೇ ಸಭೆ ಸೇರಿಸಿ ಮತ ಹಾಕಿಸೋ ಕಾಕಸ್ 8ಕ್ಕೆ. ಪ್ರತಿನಿಧಿಗಳು ಸಿಗೋದು ಕಾಕಸ್‌ನಲ್ಲಿ ಮಾತ್ರ. ಟ್ರಂಪ್ ಅಲ್ಲಿ ನಿಂತ, ಇವಳು ಇಲ್ಲಿ ನಿಂತಳು. ಟ್ರಂಪ್ ಕಡೆಯವರು ಪ್ರೈಮರಿಗೂ ಬಂದು 'ಇವರಲ್ಲಿ ಯಾರೂ ಬೇಡ' ಅಂತ ಹಾಕಿ ಹೋದ್ರು. ಅದಕ್ಕೆ ಶೇ 63, ಇವಳಿಗೆ 30.

ಕಾರ್ತಿಕ: ಅದಾದ್ರೂ ಸೋಲೇ ಅಲ್ವಾ ಅತ್ತೆ?

ವೀಣತ್ತೆ: ಸೋಲೇ. ಗೆದ್ದಳು ಅಂತ ನಾನೆಲ್ಲಿ ಹೇಳಿದೆ?

ಅಮ್ಮ: ವೀಣಾ, ನೀನು ವೋಟು ಹಾಕಿದ್ಯಾ?

ವೀಣತ್ತೆ: ಹಾಕಿದೆ ಅತ್ತಿಗೆ. ಇಲ್ಲಿ ಇನ್ನೂ ಶನಿವಾರ ರಾತ್ರಿ. ಫೋಟೋ ಇರೋ ಗುರುತಿನ ಚೀಟಿ ತೋರಿಸಬೇಕು, ಪರದೆ ಮೇಲೆ ಹೆಸರು ಮುಟ್ಟಬೇಕು, ಒಂದು ಉದ್ದನೆ ಕಾಗದ ಅಚ್ಚಾಗಿ ಬರುತ್ತೆ, ಅದನ್ನ ನಾವೇ ಓದಿ ನೋಡಿ ಇನ್ನೊಂದು ಯಂತ್ರಕ್ಕೆ ತೂರಿಸಬೇಕು. ಆಗಲೇ ಹಿಂದೆ ಸರಿದ ಡಿಸ್ಯಾಂಟಿಸ್, ರಾಮಸ್ವಾಮಿ ಹೆಸರೂ ಪಟ್ಟಿಯಲ್ಲಿ ಹಾಗೇ ಇತ್ತು. ಸಂಜೆ ಏಳಕ್ಕೆ ಮತಗಟ್ಟೆ ಮುಚ್ಚಿತು, ಅದೇ ನಿಮಿಷ ಟಿವಿಯವರು ಟ್ರಂಪ್ ಗೆದ್ದ ಅಂದ್ರು.

ದೊಡ್ಡಪ್ಪ: ಪಕ್ಷದ ಸದಸ್ಯತ್ವದ ಚೀಟಿ ಕೇಳಲಿಲ್ವಾ?

ವೀಣತ್ತೆ: ಇಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷ ಅನ್ನೋದೇ ಇರಲ್ಲ. 3ನೇ ತಾರೀಕು ಡೆಮಾಕ್ರಟರ ಪ್ರೈಮರಿಗೆ ಹೋಗಿದ್ರೆ ಇವತ್ತು ಬರೋ ಹಾಗಿಲ್ಲ, ಅಷ್ಟೇ ಷರತ್ತು.

ದೊಡ್ಡಪ್ಪ: ಹಾಗಾದ್ರೆ ಮುಗೀತಲ್ಲ. ಆ 40ರಲ್ಲಿ ಎದುರು ಪಕ್ಷದೋರು ಬಂದು ಹಾಕಿದ್ದೂ ಇರುತ್ತೆ. ಅದನ್ನ ಪಕ್ಷದ ಅಭಿಪ್ರಾಯ ಅಂತ ಹೇಗಮ್ಮ ಹೇಳ್ತೀಯಾ? ನಾನು ಮೂವತ್ತು ವರ್ಷ ಬೂತ್‌ನಲ್ಲಿ ಕೂತವನು.

ರಘು ಚಿಕ್ಕಪ್ಪ: ನಮ್ಮ ಭಾರತ ಮೂಲದ ಹುಡುಗಿ ಅನ್ನೋ ಅಭಿಮಾನ ಇರಬೇಕು ವೀಣಂಗೆ. ಅಪ್ಪ ಅಮ್ಮ ಪಂಜಾಬಿನಿಂದ ಹೋದವರು, ರಂಧಾವ.

ವೀಣತ್ತೆ: ಆ ಅಭಿಮಾನಕ್ಕಾಗಿದ್ರೆ ರಾಮಸ್ವಾಮಿಗೂ ಹಾಕಬೇಕಿತ್ತು ರಘಣ್ಣ. 2015ರ ಜೂನ್‌ನಲ್ಲಿ ನಮ್ಮೂರಿನ ಚರ್ಚ್ ಒಳಗೆ ಒಬ್ಬ ಗುಂಡು ಹಾರಿಸಿ ಒಂಬತ್ತು ಜನ ಕಪ್ಪು ಜನಾಂಗದವರನ್ನ ಕೊಂದ. ಶಾಸನಸಭೆ ಆವರಣದಲ್ಲಿ ಗುಲಾಮಗಿರಿ ಕಾಲದ ಬಾವುಟ ಹಾರ್ತಾ ಇತ್ತು. ಅದನ್ನ ಮುಟ್ಟಿದ್ರೆ ಅವಳದೇ ಪಕ್ಷದವರು ಸಿಟ್ಟಾಗ್ತಿದ್ರು. ಆದ್ರೂ ಇಳಿಸಬೇಕು ಅಂದಳು, ಜುಲೈ 10ಕ್ಕೆ ಇಳೀತು. ನನಗೆ ಅದು ನೆನಪಿದೆ. ಅವಳ ಬೇರೆ ಎಷ್ಟೋ ಮಾತು ನನಗೆ ಹಿಡಿಸಲ್ಲ.

ರಘು ಚಿಕ್ಕಪ್ಪ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿದವರು. ಬಾವುಟದ ಮಾತು ಬಂದಾಗ ತೆಪ್ಪಗಾದರು ಅಂತ ನಾನಂದುಕೊಂಡೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೊಬೈಲ್ ತುಂಬ ಇಸವಿಗಳು.

ರಘು ಚಿಕ್ಕಪ್ಪ: ಇತಿಹಾಸ ನೋಡಿ. 1976ರಲ್ಲಿ ರೇಗನ್, ಅಧಿಕಾರದಲ್ಲಿದ್ದ ಫೋರ್ಡ್ ಎದುರು ಆಗಸ್ಟ್‌ವರೆಗೂ ಎಳೆದ. ಕಾನ್ಸಾಸ್ ಸಿಟಿ ಸಮಾವೇಶದಲ್ಲಿ ಫೋರ್ಡ್‌ಗೆ 1187 ಪ್ರತಿನಿಧಿಗಳ ಮತ, ರೇಗನ್‌ಗೆ 1070. ನವೆಂಬರ್‌ನಲ್ಲಿ ಫೋರ್ಡ್ ಸೋತ. 1980ರಲ್ಲಿ ಟೆಡ್ ಕೆನಡಿ ಅದನ್ನೇ ಕಾರ್ಟರ್‌ಗೆ ಮಾಡಿದ, ಕಾರ್ಟರ್ ಸೋತ. 1992ರಲ್ಲಿ ಬ್ಯುಕ್ಯಾನನ್ ಹಿರಿಯ ಬುಷ್‌ಗೆ ಮಾಡಿದ, ಬುಷ್ ಸೋತ. ಗೆಲ್ಲಲಾರದವನು ಬಿಡದೆ ಜಗ್ಗಿದಾಗೆಲ್ಲ ಮುಳುಗಿದ್ದು ಪಕ್ಷ.

ಕಾರ್ತಿಕ: ಚಿಕ್ಕಪ್ಪ, ಕಾಯಿಲೆ ಇದ್ದದ್ದಕ್ಕೆ ಡಾಕ್ಟರ್ ಬಂದದ್ದು. ಡಾಕ್ಟರ್ ಬಂದ ಅಂತ ಕಾಯಿಲೆ ಬರಲಿಲ್ಲ. 1968 ಯಾಕೆ ಬಿಟ್ರಿ? ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಧ್ಯಕ್ಷ ಜಾನ್ಸನ್ ಎದುರು ಅವನದೇ ಪಕ್ಷದ ಮೆಕಾರ್ಥಿ ಗೆಲ್ಲಲೂ ಇಲ್ಲ, ಶೇ 42 ಬಂತು ಅಷ್ಟೇ. ಅದೇ ತಿಂಗಳ ಕೊನೇಲಿ ಜಾನ್ಸನ್ ತಾನೇ ನಿಲ್ಲಲ್ಲ ಅಂದ. ವಿಯೆಟ್ನಾಂ ಬಗ್ಗೆ ಪಕ್ಷದೊಳಗೆ ಎಷ್ಟು ಕುದೀತಿದೆ ಅಂತ ಆ 42ರಿಂದ ಗೊತ್ತಾಯ್ತು.

ನಾನು: ಮತ್ತೆ ರೇಗನ್ 1976ರಲ್ಲಿ ನ್ಯೂ ಹ್ಯಾಂಪ್‌ಶೈರ್, ಫ್ಲಾರಿಡಾ, ಇಲಿನಾಯ್ ಎಲ್ಲ ಸೋತು ನಿಂತಿದ್ದಾಗ ಬಿಡು ಬಿಡು ಅಂತ ಎಲ್ಲರೂ ಹೇಳಿದ್ರಲ್ಲ ಚಿಕ್ಕಪ್ಪ. ಮಾರ್ಚ್ 23ಕ್ಕೆ ನಾರ್ತ್ ಕೆರೊಲಿನಾ ಗೆದ್ದ. ಅದಕ್ಕೂ ಮೊದಲೇ ಬಿಟ್ಟಿದ್ರೆ 1980ರ ರೇಗನ್ ಇರ್ತಿದ್ನಾ?

ರಘು ಚಿಕ್ಕಪ್ಪ: ರೇಗನ್ ಹಿಂದೆ ಪಕ್ಷದ ಅರ್ಧ ಇತ್ತು ಪುಟ್ಟಿ. ಇವಳ ಹಿಂದೆ ಪಕ್ಷದ ಹಳೇ ಕಾಲದ ಅರ್ಧ ಇದೆ, ಅದು ಕರಗ್ತಾ ಇದೆ.

(ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.)

ದೊಡ್ಡಪ್ಪ: ನಾನು ಹೇಳೋದು ಅನುಭವದ ಮಾತು. ನಾಮಪತ್ರ ವಾಪಸ್ ತಗೊಳೋ ಕೊನೇ ದಿನ ಅಂತ ಒಂದು ಇರುತ್ತೆ. ಬಂಡಾಯ ಎದ್ದವನಿಗೆ ಬೆಲೆ ಇರೋದು ಅವತ್ತು ಮಧ್ಯಾಹ್ನ ಮೂರು ಗಂಟೆ ತನಕ. ಅಷ್ಟರೊಳಗೆ ವಾಪಸ್ ತಗೊಂಡವನಿಗೆ ನಿಗಮವೋ ಮಂಡಳಿಯೋ ಏನಾದ್ರೂ ಸಿಗುತ್ತೆ. ಮೂರೂವರೆಗೆ ಅವನ ಫೋನು ಯಾರೂ ಎತ್ತಲ್ಲ. ಈ ಹೆಂಗಸಿಗೆ ಮೂರು ಗಂಟೆ ಹೊಡೆದು ತಿಂಗಳಾಯ್ತು.

ಕಾರ್ತಿಕ: ಅಪ್ಪ, ಅವಳು ಕಾಯ್ತಿರೋದು ನಿಗಮ ಮಂಡಳಿಗಲ್ಲ, ಕೋರ್ಟಿಗೆ. ಟ್ರಂಪ್ ಮೇಲೆ ನಾಲ್ಕು ಕ್ರಿಮಿನಲ್ ಕೇಸು ಇವೆ. ನಿಮ್ಮಲ್ಲಿ ಡಮ್ಮಿ ಕ್ಯಾಂಡಿಡೇಟ್ ಹಾಕ್ತಾರಲ್ಲ, ಅಸಲಿ ನಾಮಪತ್ರ ತಿರಸ್ಕಾರ ಆದ್ರೆ ಇರಲಿ ಅಂತ? ಹಾಗೆ.

ದೊಡ್ಡಪ್ಪ: ಡಮ್ಮಿಗೆ ಬಿ ಫಾರಂ ಕೊಡೋದು ಪಕ್ಷ. ಇವಳು ತಾನೇ ಡಮ್ಮಿ ಆಗಿದಾಳೆ.

ನಾನು: ದೊಡ್ಡಪ್ಪ, 2022ರಲ್ಲಿ ನೀವೇ ಏನಂದಿದ್ರಿ? ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಖರ್ಗೆಯವರ ಎದುರು ತರೂರ್ ನಿಂತಾಗ 'ನಮ್ಮ ಪಕ್ಷದಲ್ಲಿ ಪ್ರಜಾಪ್ರಭುತ್ವ ನೋಡಿ' ಅಂತ ಇದೇ ಗುಂಪಲ್ಲಿ ಹಾಕಿದ್ರಿ. 7,897ಕ್ಕೆ 1,072. ತರೂರ್ ಗೆಲ್ತಾರೆ ಅಂತ ಯಾರಾದ್ರೂ ಅಂದುಕೊಂಡಿದ್ರಾ?

ಇಲ್ಲಿ ಅರ್ಧ ಗಂಟೆ ಮೌನ. 'ಟೈಪಿಂಗ್' ಅಂತ ಬರುತ್ತಿತ್ತು, ಹೋಗುತ್ತಿತ್ತು.

ದೊಡ್ಡಪ್ಪ: ಅದು ಒಂದೇ ದಿನದ ಮತದಾನ. ತರೂರ್ ಸೋತ ದಿನವೇ ಖರ್ಗೆಯವರಿಗೆ ಅಭಿನಂದನೆ ಹೇಳಿ ಮುಗಿಸಿದ್ರು. ಇವಳದ್ದು ಕಂತು ಕಂತಿನ ಸೋಲು. ಪ್ರತಿ ಕಂತಿಗೂ ಪಕ್ಷದ ಮನೆ ಜಗಳ ಊರಿಗೆಲ್ಲ ಪ್ರಸಾರ.

ವೀಣತ್ತೆ: ಅಣ್ಣಯ್ಯ, ಕಂತಿನಲ್ಲಿ ನಡೆಸೋದು ಅವಳು ಮಾಡಿದ ನಿಯಮ ಅಲ್ಲ. ಇಲ್ಲಿವರೆಗೆ ನಾಲ್ಕು ರಾಜ್ಯ, ವರ್ಜಿನ್ ದ್ವೀಪಗಳು ವೋಟು ಹಾಕಿವೆ. ಮಾರ್ಚ್ 5ಕ್ಕೆ ಹದಿನೈದು ರಾಜ್ಯ ಒಟ್ಟಿಗೆ ಇವೆ. ಅಲ್ಲಿಯವರು ಮತಗಟ್ಟೆಗೆ ಹೋದಾಗ ಕಣದಲ್ಲಿ ಒಬ್ಬನೇ ಇದ್ರೆ ಅದು ಚುನಾವಣೆ ಅಲ್ಲ, ಹಾಜರಿ. ಬೇಡ ಅನ್ನೋನು ಎಲ್ಲಿ ಒತ್ತಬೇಕು?

ವೀಣತ್ತೆ: ಇನ್ನೊಂದು ಲೆಕ್ಕ ಕೇಳಿ. ನಮ್ಮ ರಾಜ್ಯಕ್ಕೆ 50 ಪ್ರತಿನಿಧಿಗಳು. 29 ರಾಜ್ಯ ಪೂರ್ತಿ ಗೆದ್ದವರಿಗೆ. ಉಳಿದ 21, ಏಳು ಕ್ಷೇತ್ರಕ್ಕೆ ಮೂರು ಮೂರರಂತೆ, ಆ ಕ್ಷೇತ್ರ ಗೆದ್ದವರಿಗೆ. ಅವಳಿಗೆ ಸುಮಾರು 3 ಲಕ್ಷ ಮತ ಬಿತ್ತು. ಗೆದ್ದದ್ದು ನಮ್ಮ ಚಾರ್ಲ್ಸ್‌ಟನ್ ಕಡೆಯ ಕ್ಷೇತ್ರ ಒಂದನ್ನೇ. 50ರಲ್ಲಿ ಸಿಕ್ಕಿದ್ದು 3. ಪ್ರತಿನಿಧಿಗಳ ಪಟ್ಟಿ ನೋಡಿದವನಿಗೆ ಇಲ್ಲಿ ಯಾರಿಗೂ ತಕರಾರೇ ಇಲ್ಲ ಅನ್ನಿಸುತ್ತೆ. ಅವಳು ನಿಂತದ್ದಕ್ಕೆ ಆ 40 ಕಾಣಿಸ್ತು.

ಕಾರ್ತಿಕ: '40 ಅಂದ್ರೆ 50 ಅಲ್ಲ ಅಂತ ನನಗೂ ಗೊತ್ತು, ನಾನು ಅಕೌಂಟೆಂಟ್' ಅಂತ ಸೋತ ಭಾಷಣದಲ್ಲಿ ಅವಳೇ ಹೇಳಿದಳು.

ರಘು ಚಿಕ್ಕಪ್ಪ: ಅಕೌಂಟೆಂಟ್ ಆದವಳು ಬಾಗಿಲು ಹಾಕೋ ದಿನಾನೂ ತಿಳ್ಕೊಂಡಿರಬೇಕು.

ಅಮ್ಮ: ಅಲ್ಲ, ಇಷ್ಟೆಲ್ಲ ಓಡಾಡೋ ದುಡ್ಡು ಯಾರದು?

ಅಮ್ಮನ ಪ್ರಶ್ನೆಗೆ ಅವತ್ತು ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಇಡೀ ಚರ್ಚೆಯ ನಟ್ಟು ಅಲ್ಲಿತ್ತು, ಮಾರನೇ ಬೆಳಿಗ್ಗೆ ಕಳಚಿತು.

ಫೆಬ್ರವರಿ 26, ಸೋಮವಾರ

ರಘು ಚಿಕ್ಕಪ್ಪ: ಅತ್ತಿಗೆ, ನಿಮ್ಮ ಪ್ರಶ್ನೆಗೆ ಉತ್ತರ ಬಂತು. ಕೋಕ್ ಕುಟುಂಬದ ಉದ್ಯಮಿಗಳ ಕಡೆಯ ರಾಜಕೀಯ ಸಂಸ್ಥೆ ಹ್ಯಾಲೆಗೆ ಖರ್ಚು ಮಾಡೋದನ್ನ ನಿಲ್ಲಿಸ್ತಂತೆ. ಇದ್ದ ದೊಡ್ಡ ಕೈ ಅದು.

ಕಾರ್ತಿಕ: ಅವಳಿಗೆ ದುಡ್ಡು ಕೊಟ್ಟವರಿಗೆ ನಮ್ಮ ಪಾಳಯದಲ್ಲಿ ಶಾಶ್ವತವಾಗಿ ಪ್ರವೇಶ ಇಲ್ಲ ಅಂತ ಜನವರಿಯಲ್ಲೇ ಟ್ರಂಪ್ ಹೆದರಿಸಿದ್ದ. ಅವಳು 'ಶಾಶ್ವತ ಬಹಿಷ್ಕಾರ' ಅಂತ ಟೀ ಶರ್ಟ್ ಅಚ್ಚು ಹಾಕಿಸಿ ಮಾರಿದಳು! ಅದೊಂದು ಇಷ್ಟವಾಯ್ತು ನನಗೆ.

ದೊಡ್ಡಪ್ಪ: ನಿನಗೆ ವೋಟೇ ಇಲ್ಲ, ಟೀ ಶರ್ಟ್ ತಗೋ.

ಮಾರ್ಚ್ 4, ಸೋಮವಾರ

ವೀಣತ್ತೆ: ವಾಷಿಂಗ್ಟನ್ ಡಿಸಿ ಗೆದ್ದಳು. ಶೇ 62ರ ಮೇಲೆ. ರಿಪಬ್ಲಿಕನ್ ಪಕ್ಷದಲ್ಲಿ ಅಧ್ಯಕ್ಷ ಸ್ಥಾನದ ಪ್ರೈಮರಿ ಗೆದ್ದ ಮೊದಲನೇ ಹೆಂಗಸು. ಹೇಳಿ ಈಗ.

ದೊಡ್ಡಪ್ಪ: ಒಟ್ಟು ಎಷ್ಟು ಮತ ಬಿದ್ದಿದೆ?

ವೀಣತ್ತೆ: ಸುಮಾರು ಎರಡು ಸಾವಿರ.

ದೊಡ್ಡಪ್ಪ: ನಮ್ಮ ಸೊಸೈಟಿ ಎಲೆಕ್ಷನ್ನಿಗೆ ಇದಕ್ಕಿಂತ ಜಾಸ್ತಿ ಜನ ಬರ್ತಾರೆ. ಊಟವೂ ಇರುತ್ತೆ.

ನಾನು: ಆದ್ರೆ ಅಲ್ಲಿಯ 19 ಪ್ರತಿನಿಧಿಗಳೂ ಅವಳಿಗೇ. ಅತ್ತೆ ಕಡೆ 3 ಲಕ್ಷ ಮತಕ್ಕೆ 3, ಇಲ್ಲಿ ಸಾವಿರದ ಚಿಲ್ಲರೆ ಮತಕ್ಕೆ 19. ಈ ನಿಯಮ ಬರೆದವರನ್ನ ಒಮ್ಮೆ ನೋಡಬೇಕು.

ಮಾರ್ಚ್ 7, ಗುರುವಾರ

ರಘು ಚಿಕ್ಕಪ್ಪ: ಮುಗೀತು. ಹದಿನೈದರಲ್ಲಿ ಹದಿನಾಲ್ಕು ಟ್ರಂಪ್‌ಗೆ, ಇವಳಿಗೆ ವರ್ಮಾಂಟ್ ಒಂದು. ಕ್ಯಾಲಿಫೋರ್ನಿಯಾದ 169 ಪ್ರತಿನಿಧಿಗಳೂ ಆ ಕಡೆಗೆ. ನಿನ್ನೆ ವೀಣನ ಊರಲ್ಲೇ ಭಾಷಣ ಮಾಡಿ ಪ್ರಚಾರ ನಿಲ್ಲಿಸಿದಳು. ನಾನು ಹೇಳಿದ್ದೇ ಆಯ್ತು.

ವೀಣತ್ತೆ: ಗೆಲ್ತಾಳೆ ಅಂತ ನಾನು ಯಾವತ್ತೂ ಹೇಳಿಲ್ಲವಲ್ಲ ರಘಣ್ಣ. ಭಾಷಣ ಪೂರ್ತಿ ಕೇಳಿದ್ಯಾ? ಟ್ರಂಪ್‌ಗೆ ಬೆಂಬಲ ಅನ್ನಲಿಲ್ಲ. ನನಗೆ ಹಾಕಿದವರ ಮತ ಬೇಕಿದ್ರೆ ಅವರೇ ಗಳಿಸಿಕೊಳ್ಳಲಿ ಅಂದಳು.

ದೊಡ್ಡಪ್ಪ: ಅದು ವ್ಯಾಪಾರದ ಮಾತು. ಮೂರು ಗಂಟೆ ಆದ ಮೇಲಿನ ವ್ಯಾಪಾರ.

ಮೇ 8, ಬುಧವಾರ

ಎರಡು ತಿಂಗಳು ಇದರ ಸುದ್ದಿಯೇ ಇರಲಿಲ್ಲ. ನಮ್ಮದೇ ಲೋಕಸಭೆ ಚುನಾವಣೆ, ಹಿಂದಿನ ದಿನವಷ್ಟೇ ಶಿವಮೊಗ್ಗ ಕಡೆ ಮತದಾನ ಮುಗಿದಿತ್ತು. ಎಲ್ಲರ ಬೆರಳಿನ ಶಾಯಿಯ ಫೋಟೋಗಳ ನಡುವೆ ಅತ್ತೆಯ ಸಂದೇಶ ಬಂತು.

ವೀಣತ್ತೆ: ನಿಮ್ಮ ಜೊತೆಗೇ ಇಂಡಿಯಾನಾದಲ್ಲೂ ಪ್ರೈಮರಿ ಇತ್ತು. ಕಣ ಬಿಟ್ಟು ಎರಡು ತಿಂಗಳಾದ ಹ್ಯಾಲೆಗೆ ಶೇ 21ರ ಮೇಲೆ ಬಿದ್ದಿದೆ. ಪ್ರಚಾರ ಇಲ್ಲ, ದುಡ್ಡಿಲ್ಲ, ಆಳೇ ಇಲ್ಲ. ಅಣ್ಣಯ್ಯ, ಹೇಳಿ.

ದೊಡ್ಡಪ್ಪ: ಅಲ್ಲೂ ಯಾರು ಬೇಕಾದ್ರೂ ಹಾಕಬಹುದಲ್ಲ. ಎದುರು ಪಕ್ಷದೋರು.

ಕಾರ್ತಿಕ: ಅಪ್ಪ, ಪೆನ್ಸಿಲ್ವೇನಿಯಾದಲ್ಲಿ ಹಾಗಿಲ್ಲ. ಅಲ್ಲಿ ರಿಪಬ್ಲಿಕನ್ ಅಂತ ನೋಂದಾಯಿಸಿಕೊಂಡವರು ಮಾತ್ರ. ಅಲ್ಲಿ ಏಪ್ರಿಲ್‌ನಲ್ಲಿ ಅವಳಿಗೆ ಶೇ 16ರ ಮೇಲೆ ಬಿತ್ತು.

ದೊಡ್ಡಪ್ಪ: 16 ಅಂದ್ರೆ ಆರರಲ್ಲಿ ಒಬ್ಬ.

ದೊಡ್ಡಪ್ಪ: ಅದು ಸಣ್ಣದಲ್ಲ. ಒಪ್ತೀನಿ. ಒಂದು ಬೂತ್‌ನಲ್ಲಿ ಆರರಲ್ಲಿ ಒಬ್ಬ ಮುನಿಸಿಕೊಂಡಿದಾನೆ ಅಂದ್ರೆ ನಾನಾಗಿದ್ರೆ ಅವತ್ತೇ ಸಂಜೆ ಅವರ ಮನೆ ಬಾಗಿಲಿಗೆ ಹೋಗ್ತಿದ್ದೆ. ಆದ್ರೆ ಅವರು ಅವಳಿಗೋಸ್ಕರ ಹಾಕಿಲ್ಲ ವೀಣಾ. ಅವಳ ಹೆಸರು ಅಲ್ಲಿ ಅಚ್ಚಾಗಿತ್ತು, ಅದಕ್ಕೆ ಹಾಕಿದ್ರು.

ವೀಣತ್ತೆ: ನಾನು ಫೆಬ್ರವರಿಯಿಂದ ಹೇಳ್ತಿರೋದು ಅದೇ ಅಲ್ವಾ ಅಣ್ಣಯ್ಯ!

ಮೇ 23, ಗುರುವಾರ

ರಘು ಚಿಕ್ಕಪ್ಪ: (ಫಾರ್ವರ್ಡ್) ಟ್ರಂಪ್‌ಗೇ ಮತ ಹಾಕುವೆ: ನಿಕ್ಕಿ ಹ್ಯಾಲೆ

ರಘು ಚಿಕ್ಕಪ್ಪ: ಇಷ್ಟಕ್ಕೆ ಅಷ್ಟೆಲ್ಲ ರಂಪ ಬೇಕಿತ್ತಾ?

ಕಾರ್ತಿಕ: ಅತ್ತೆ ಆನ್‌ಲೈನ್ ಇದಾಳೆ. ಎಲ್ಲ ಸೀಟ್ ಬೆಲ್ಟ್ ಹಾಕ್ಕೊಳ್ಳಿ.

ವೀಣತ್ತೆ: ಅವಳು ಅವಳ ಒಂದು ವೋಟು ಯಾರಿಗೆ ಅಂತ ಹೇಳಿದಾಳೆ. ನನ್ನದನ್ನ ಹೇಳೋಕೆ ಅವಳು ಯಾರು?

ರಘು ಚಿಕ್ಕಪ್ಪ: ಹಾಗಾದ್ರೆ ನವೆಂಬರ್‌ನಲ್ಲಿ ಯಾರಿಗೆ ಹಾಕ್ತೀಯಾ?

ವೀಣತ್ತೆ: ಅದನ್ನ ಈ ಗುಂಪಲ್ಲಿ ಹೇಳಲ್ಲ ರಘಣ್ಣ. ನೀನು ಈ ತಿಂಗಳು 7ಕ್ಕೆ ಯಾರಿಗೆ ಹಾಕಿದೆ ಅಂತ ಮೊದಲು ಹೇಳು. ಅಣ್ಣಯ್ಯನೂ ಓದ್ತಿದಾರೆ.

ರಘು ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ.